ಅಂಬುಜಮ್ಮ ಎತ್ತಿಕೊಂಡ ಕರೆ

ಯೋಗಾನಂದನ ಮೊಬೈಲಿನಲ್ಲಿ ಚಾರ್ಜು ಮುಗಿಯುವುದಕ್ಕೂ ಮಾವಳ್ಳಿಯಲ್ಲಿ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಬೇರೆ ದಿನವಾಗಿದ್ದರೆ ಅವನು ಚಿಂತಿಸುತ್ತಿರಲಿಲ್ಲ. ಅವನಿಗೆ ಕರೆ ಮಾಡುವವರು ಯಾರೂ ಇರಲಿಲ್ಲ.

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ಅವನು ಮೊದಲು ಔಷಧದ ಕಂಪನಿಗಳಿಗೆ ಅರ್ಜಿ ಹಾಕಿದ. ಆಮೇಲೆ ಬಣ್ಣದವರಿಗೆ, ಸೋಪಿನವರಿಗೆ, ಕೊನೆಗೆ ಉಪ್ಪಿನಕಾಯಿಯವರಿಗೆ. ಯಾರೂ ಬೇಕು ಎನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಬಾವಿಗೆ ಕಲ್ಲು ಹಾಕಿದರೆ ಗುಳುಂ ಎಂದಾದರೂ ಕೇಳುತ್ತದೆ; ಈ ಬಾವಿಗಳಿಗೆ ತಳವೇ ಇದ್ದಂತಿರಲಿಲ್ಲ. ವಿಜ್ಞಾನ ಓದಿದವನಾದ್ದರಿಂದ ಅವನು ಈ ಮೌನವನ್ನೂ ವರ್ಗೀಕರಿಸಿದ್ದ. ‘ನಿಮ್ಮ ಅರ್ಜಿ ತಲುಪಿದೆ’ ಎಂದು ಯಂತ್ರವೊಂದು ತಿಳಿಸಿದ ಮೇಲಿನ ಮೌನ ಒಂದು. ಯಂತ್ರವೂ ಮಾತಾಡದ ಮೌನ ಇನ್ನೊಂದು. ಎರಡನೆಯದು ವಾಸಿ. ಅದರಲ್ಲಿ ಆಸೆಯ ಅಂಶ ಕಡಿಮೆ.

ಅವನ ತಂದೆ ಶ್ರೀರಾಮಪ್ಪನಿಗೆ ಬೀದಿಯ ಮೂಲೆಯಲ್ಲಿ ತರಕಾರಿ ಅಂಗಡಿ. “ಈ ವಾರ ನೋಡ್ತೀನಿ. ಸೋಮವಾರದಿಂದ ಬಂದು ಅಂಗಡೀಲಿ ಕೂತ್ಕೊ. ತಕ್ಕಡಿ ಯಾರನ್ನೂ ಕಾಯ್ಸಲ್ಲ,” ಎಂದು ಹೇಳಿಯಾಗಿತ್ತು. ಹೀಗಿರುವಾಗ ಗುರುವಾರ ಸಂಜೆ ಚಾಮರಾಜಪೇಟೆಯ ಒಂದು ಕಂಪನಿಯಿಂದ ಮೇಲ್ ಬಂದಿತ್ತು: ‘ನಾಳೆ ಬೆಳಗ್ಗೆ ಫೋನ್ ಮಾಡುತ್ತೇವೆ.’ ಕೆಲಸಕ್ಕೆ ಸೇರುವವರ ಪೂರ್ವಾಪರವನ್ನು ಫೋನಿನಲ್ಲೇ ವಿಚಾರಿಸಿ ಬೇರೆ ಕಂಪನಿಗಳಿಗೆ ತಿಳಿಸುವುದು ಇವರ ಕಸುಬು. ರಸಾಯನಶಾಸ್ತ್ರಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಸಂಬಂಧ ಹುಡುಕುವ ಸ್ಥಿತಿಯಲ್ಲಿ ಯೋಗಾನಂದನೂ ಇರಲಿಲ್ಲ.

ಕೆಳಗಿನ ಮನೆಯ ಅಂಬುಜಮ್ಮನವರಲ್ಲಿ ಯುಪಿಎಸ್ ಇತ್ತು. ಮೊಬೈಲನ್ನು ಅಲ್ಲಿ ಚಾರ್ಜಿಗೆ ಹಾಕಿ ಪಕ್ಕದಲ್ಲೇ ಕೂರಬೇಕು ಎಂದುಕೊಳ್ಳುವಷ್ಟರಲ್ಲಿ ಅಂಗಡಿಯಿಂದ ಅಪ್ಪ ಕೂಗಿದ. ಎಲೆಕೋಸಿನ ಟೆಂಪೋ ರಸ್ತೆಗೆ ಅಡ್ಡ ನಿಂತು, ಹಿಂದೆ ಶಾಲೆಯ ವ್ಯಾನು ಹಾರನ್ ಮಾಡುತ್ತಿತ್ತು.

“ಅಮ್ಮ, ಯಾರಾದ್ರೂ ಫೋನ್ ಮಾಡಿದ್ರೆ ಆಮೇಲೆ ಮಾಡೋಕ್ ಹೇಳಿ,” ಎಂದು ಮೊಬೈಲನ್ನು ಅಂಬುಜಮ್ಮನವರಿಗೆ ಒಪ್ಪಿಸಿ ಓಡಿದ. ಯಾರ ಫೋನು ಎಂದು ಹೇಳಲಿಲ್ಲ. ಹೇಳಿದ್ದರೆ ಮಧ್ಯಾಹ್ನದೊಳಗೆ ಇಡೀ ಮಾವಳ್ಳಿ ಸಿಹಿ ಕೇಳುತ್ತಿತ್ತು.

ಕೋಸು ಇಳಿಸಿ ಬರುವಾಗ ಗೇಟಿನಲ್ಲಿ ಅಂಬುಜಮ್ಮ ನಿಂತಿದ್ದರು. ಜೊತೆಯಲ್ಲಿ ಎದುರುಮನೆಯ ನಿವೃತ್ತ ಗುಮಾಸ್ತ ನರಸಿಂಹಯ್ಯ. ಇಬ್ಬರ ಮುಖದಲ್ಲೂ ಬಹುಮಾನ ಗೆದ್ದ ಕಳೆ.

“ಬಾರೋ ಯೋಗಿ. ಭಾನುವಾರ ನಮ್ಗೆಲ್ಲ ಫೋನ್ ಮೋಸದ ಬಗ್ಗೆ ಪಾಠ ಮಾಡಿದ್ಯಲ್ಲ, ಇವತ್ತು ಕೆಲ್ಸಕ್ ಬಂತು,” ಎಂದರು ಅಂಬುಜಮ್ಮ.

ಯೋಗಾನಂದನ ಕೈಯಲ್ಲಿದ್ದ ಒಂದು ಕೋಸು ಕೆಳಗೆ ಬಿತ್ತು.

“ಕಳ್ಳ ಫೋನ್ ಮಾಡಿದ್ದ ಕಣೋ. ನಿಮ್ ಅರ್ಜಿ ನೋಡಿದ್ವಿ, ಇಷ್ಟ ಆಯ್ತು ಅಂದ. ಅರ್ಜಿ ಹಾಕಿದ್ರೆ ಯಾರೂ ಉತ್ರ ಕೊಡಲ್ಲ ಅಂತ ನೀನೇ ದಿನಾ ಹೇಳ್ತೀಯ. ಇವ್ನು ಉತ್ರ ಕೊಡ್ತಿದಾನೆ ಅಂದ್ರೆ ಕಳ್ಳನೇ ಅಂತ ಗೊತ್ತಾಗ್ಹೋಯ್ತು.”

“ಆಮೇಲೆ?”

“ನಮ್ ವಿಷಯ ಹೇಳ್ಬಾರ್ದು, ಅವ್ರದ್ದೇ ತಿರುಗಿ ಕೇಳ್ಬೇಕು ಅಂದಿದ್ಯಲ್ಲ. ಕೇಳ್ದೆ. ಹೆಸ್ರು ರವಿಕುಮಾರ್. ಊರು ಚಿಂತಾಮಣಿ. ಹನುಮಂತನಗರದಲ್ಲಿ ಬಾಡಿಗೆ ಮನೆ, ನೀರು ಸರಿಯಾಗಿ ಬರಲ್ಲ. ಮಾವನ ಜೊತೆ ಮಾತಿಲ್ಲ. ಡಿಗ್ರೀಲಿ ಒಂದ್ಸಲ ಫೇಲ್ ಆಗಿದ್ದ, ಹೆಂಡ್ತಿಗೂ ಹೇಳಿಲ್ಲ, ಪಾಪ.”

“ಹೆಂಡ್ತಿಗೂ ಹೇಳ್ದೇ ಇರೋದನ್ನ ನಿಮ್ಗ್ಯಾಕೆ ಹೇಳಿದ್ರು?”

“ನಾನು ಕೇಳ್ದೆ. ಅವ್ಳು ಕೇಳಿಲ್ಲ.”

ನರಸಿಂಹಯ್ಯನವರು ಕನ್ನಡಕ ಸರಿಮಾಡಿಕೊಂಡರು. “ನಂಬರ್ ಬ್ಲಾಕ್ ಮಾಡಿ ಹೆಲ್ಪ್‌ಲೈನ್‌ಗೆ ಕಂಪ್ಲೇಂಟೂ ಕೊಟ್ಟಿದೀನಿ. ಒಂದೇ ರಿಂಗಿಗೆ ಎತ್ತಿದ್ರಪ್ಪ. ಎಷ್ಟು ಚೆನ್ನಾಗಿ ಮಾತಾಡಿದ್ರು.”

ಯೋಗಾನಂದ ಮೆಟ್ಟಿಲ ಮೇಲೆ ಕುಳಿತು ನಿಜ ಸಂಗತಿ ಹೇಳಿದ.

“ಮೊದ್ಲೇ ಹೇಳ್ಬಾರ್ದಿತ್ತಾ?” ಎಂದರು ಅಂಬುಜಮ್ಮ.

“ಹೇಳಿದ್ರೆ ನೀವು ಎಲ್ರಿಗೂ ಹೇಳ್ತಿದ್ರಿ.”

ಅಂಬುಜಮ್ಮ ಈ ಮಾತನ್ನು ಎಲ್ಲ ಕೋನಗಳಿಂದಲೂ ಪರೀಕ್ಷಿಸಿದರು. ತಪ್ಪೇನೂ ಸಿಗಲಿಲ್ಲ.

ಬ್ಲಾಕ್ ತೆಗೆದು ಕರೆ ಮಾಡಿದರೆ ಆ ಕಡೆ ಯಾರೂ ಎತ್ತಲಿಲ್ಲ. “ನಡಿ, ಹೋಗಿ ಕ್ಷಮೆ ಕೇಳೋಣ,” ಎಂದು ಅಂಬುಜಮ್ಮ ಸೀರೆ ಬದಲಾಯಿಸಲು ಹೋದರು. ಆಟೋ ಹತ್ತುವಾಗ ನೋಡಿದರೆ ನರಸಿಂಹಯ್ಯನವರು ಆಗಲೇ ಒಳಗೆ ಕುಳಿತಿದ್ದರು. ದಾರಿಯುದ್ದಕ್ಕೂ ಸಲಹೆ. “ಅಳ್ಬೇಡ. ಆದ್ರೆ ಇನ್ನೇನು ಅತ್ಬಿಡ್ತಾನೆ ಅನ್ನೋ ಹಾಗೆ ಮುಖ ಇಟ್ಕೊ.” ಯೋಗಾನಂದನಿಗೆ ಅದಕ್ಕಾಗಿ ವಿಶೇಷ ಶ್ರಮ ಬೇಕಾಗಲಿಲ್ಲ.

ಕಂಪನಿ ಕೊಡೆ ಅಂಗಡಿಯ ಮೇಲಿತ್ತು. ರವಿಕುಮಾರ್ ನಲವತ್ತರ ಆಸುಪಾಸಿನ ಸಣಕಲು ಮನುಷ್ಯ. ಯೋಗಾನಂದ ದಾರಿಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ಕ್ಷಮಾಪಣೆಯನ್ನು ಅರ್ಧ ಒಪ್ಪಿಸಿದ್ದನಷ್ಟೆ. ರವಿಕುಮಾರ್ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಬಂದ.

“ಬೆಳಗ್ಗೆ ಮಾತಾಡಿದ ಅಮ್ಮ ಯಾರು?”

“ನಾನೇ ಕಣಪ್ಪ,” ಎಂದರು ಅಂಬುಜಮ್ಮ. “ಮಾವನ್ಗೆ ಫೋನ್ ಮಾಡಿದ್ಯಾ?”

“ಮಾಡ್ದೆ,” ಎಂದ ರವಿಕುಮಾರ್ ತಗ್ಗಿದ ದನಿಯಲ್ಲಿ. “ಇಷ್ಟೊತ್ತೂ ಅವ್ರ ಜೊತೇನೇ ಮಾತಾಡ್ತಿದ್ದೆ. ಹಬ್ಬಕ್ಕೆ ಕರೆದ್ರು.”

“ನೋಡಿದ್ಯಾ. ನೀನು ಸುಮ್ನೆ ಬಿಗ್ಕೊಂಡಿದ್ದೆ.”

ರವಿಕುಮಾರ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. “ಅಮ್ಮ, ನಮ್ಮಲ್ಲಿ ಟ್ರೈನಿಂಗ್ ಆದೋರು ಫೋನ್ ಮಾಡಿದ್ರೂ ಜನ ಅಡ್ರೆಸ್ಸು ಕೂಡ ಹೇಳಲ್ಲ. ನೀವು ಕೂತಲ್ಲೇ ನನ್ ಜಾತಕ ಬಿಚ್ಚಿಬಿಟ್ರಿ. ಅದೂ ಫೋನ್ ಮಾಡ್ದೋನು ನಾನು. ಇರೋದು ಒಂದೇ ಪೋಸ್ಟು. ಸೋಮವಾರದಿಂದ ಸೇರ್ಕೊಳ್ತೀರಾ? ಮನೇಲೇ ಕೂತು ಮಾಡಿ.”

ಅಂಬುಜಮ್ಮ ಯೋಗಾನಂದನ ಕಡೆ ನೋಡಿದರು. “ಈ ಹುಡ್ಗನ್ನ ಏನ್ ಮಾಡ್ತೀಯಪ್ಪ?”

“ಅವ್ರ ಅರ್ಜಿ ನಮ್ ಹತ್ರ ಇರುತ್ತೆ.”

ಯೋಗಾನಂದನಿಗೆ ಆ ವಾಕ್ಯದ ಪರಿಚಯವಿತ್ತು.

“ನಂಗೆ ಕಂಪ್ಯೂಟರ್ ಒತ್ತೋಕೆ ಕಣ್ ಕಾಣಲ್ಲ. ಅಸಿಸ್ಟೆಂಟ್ ಒಬ್ರು ಬೇಕಾಗುತ್ತೆ,” ಎಂದರು ಅಂಬುಜಮ್ಮ.

“ನೀವೇ ವಿಚಾರಿಸಿ ನೋಡಿ ತಗೊಳ್ಳಿ.”

ವಾಪಸ್ಸು ಬರುವ ಆಟೋದಲ್ಲಿ ಯೋಗಾನಂದನಿಗೆ ಜೀವ ಬಂತು. “ಅಮ್ಮ, ಹಾಗಾದ್ರೆ ನಾನು...”

“ಅರ್ಜಿ ಕೊಡು. ನೋಡೋಣ.”

“ನಿಮ್ ಕಣ್ಣೆದುರೇ ಬೆಳ್ದೋನಲ್ವಾ?”

“ಅದೇ ಕಷ್ಟ ಕಣೋ. ಹೊರಗಿನೋರಾದ್ರೆ ಕಣ್ಮುಚ್ಕೊಂಡು ತಗೋಬಹುದು.”

ಮನೆಗೆ ಬಂದವನೇ ಅರ್ಜಿ ಬರೆದು ಕೆಳಗಿಳಿದು ಕೊಟ್ಟ. ಅಂಬುಜಮ್ಮ ಅದನ್ನು ಟಿವಿಯ ಪಕ್ಕ ಇಟ್ಟರು. ದಿನಕ್ಕೆ ಹತ್ತು ಸಲ ಕರಿಬೇವು, ಕಾಫಿಪುಡಿ ಎಂದು ಅವನನ್ನು ಕೂಗುತ್ತಿದ್ದವರು ಆ ಮಧ್ಯಾಹ್ನ ಒಂದು ಸಲವೂ ಕೂಗಲಿಲ್ಲ.

ಸಂಜೆ ಶ್ರೀರಾಮಪ್ಪ ಚಹಾ ಕುಡಿಯಲು ಮನೆಗೆ ಬಂದ. “ಏನಾಯ್ತೋ ಕೆಲ್ಸ?”

“ನೋಡಿ ಹೇಳ್ತಾರಂತೆ.”

“ಯಾರು?”

“ಅಂಬುಜಮ್ಮ.”

“ಓ, ಅದಕ್ಕಾ. ಅಂಗಡಿ ಹತ್ರ ಬಂದು ನಿನ್ ಬಗ್ಗೆ ಏನೇನೋ ವಿಚಾರಿಸ್ತಿದ್ರು. ಹುಡ್ಗ ಹೇಗೆ, ಬಿಡುವಾಗಿದಾನಾ ಅಂತ.”

“ನೀನೇನಂದೆ?”

“ಒಳ್ಳೇ ಮಾತೇ ಆಡ್ದೆ. ಬಂಗಾರದಂಥ ಹುಡ್ಗ, ಸೋಮವಾರದಿಂದ ಅಂಗಡೀಲಿ ಕೂರ್ತಾನೆ, ಅವನ್ಗೆ ಪುರುಸೊತ್ತೆಲ್ಲಿ ಅಂದೆ.”

ಯೋಗಾನಂದ ಮೊಬೈಲ್ ಹಿಡಿದು ಮೆಟ್ಟಿಲ ಬಳಿಗೆ ಬಂದ. ಎದುರಿಗೇ ಹೋದರೆ ಅರ್ಜಿದಾರನ ಲಕ್ಷಣವಲ್ಲ ಎನಿಸಿ ಅಂಬುಜಮ್ಮನವರ ನಂಬರು ಒತ್ತಿದ. ಕೆಳಗಿನ ಮನೆಯಲ್ಲಿ ಗಂಟೆ ಜಾಗಟೆಯ ರಿಂಗ್‌ಟೋನ್ ಮೊಳಗಿತು. ಕಿಟಕಿ ತೆರೆದೇ ಇತ್ತು.

“ಫೋನ್ ಬರ್ತಿದೆ ನೋಡಿ,” ಎಂದದ್ದು ನರಸಿಂಹಯ್ಯನವರ ದನಿ.

“ಬಂದ್ರೆ ಬರ್ಲಿ ಬಿಡಿ,” ಎಂದರು ಅಂಬುಜಮ್ಮ. “ಅರ್ಜಿ ಹಾಕಿರೋನು. ಈಗ ಎತ್ಬಿಟ್ರೆ ದಿನಾ ಮಾಡ್ತಾನೆ.”

ಜಾಗಟೆ ಕೊನೆಯವರೆಗೂ ಬಾರಿಸಿ ತಾನಾಗಿಯೇ ನಿಂತಿತು. ಯೋಗಾನಂದ ಮೆಟ್ಟಿಲ ಮೇಲೆ ಕುಳಿತು, ಈ ಮೌನವನ್ನು ಯಾವ ವರ್ಗಕ್ಕೆ ಸೇರಿಸಬೇಕೆಂದು ಯೋಚಿಸಿದ. ಎರಡರಲ್ಲಿ ಯಾವುದಕ್ಕೂ ಸೇರುವಂತಿರಲಿಲ್ಲ.