ಒಂದು ಹನಿಯೂ ಸೋರದ ಛಾವಣಿ

ಮೊದಲ ಎರಡು ಪ್ರಶ್ನೆಗಳಿಗೆ ಕಾರ್ಯದರ್ಶಿಗಳು ಸತ್ಯವನ್ನೇ ಹೇಳಿದ್ದರು. ಅವರ ಪರವಾಗಿ ಹೇಳಬಹುದಾದ ಮಾತು ಅದೊಂದೇ ಆದ್ದರಿಂದ ಅದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಬೆಳಿಗ್ಗೆ ಮುಖಕ್ಷೌರದ ನೊರೆ ಹಚ್ಚಿಕೊಂಡು ನಿಂತಿದ್ದಾಗ ಯಾವುದೋ ಸಂಶೋಧನಾ ಸಂಸ್ಥೆಯಿಂದ ಫೋನ್ ಬಂತು. ಹಳೆಯ ವಸತಿ ಕಟ್ಟಡಗಳನ್ನು ಪರಿಸರಕ್ಕೆ ಹೊರೆಯಾಗದಂತೆ ದುರಸ್ತಿ ಮಾಡುವ ಬಗ್ಗೆ ಅಧ್ಯಯನ ನಡೆಸುತ್ತಿದ್ದೇವೆ, ಕಟ್ಟಡ ನೋಡಿಕೊಳ್ಳುವವರು ಹೇಗೆ ತೀರ್ಮಾನ ಮಾಡುತ್ತಾರೆ ಎಂದು ತಿಳಿಯಬೇಕಿದೆ ಎಂದಿತು ಒಂದು ನಯವಾದ ಹೆಣ್ಣುದನಿ. ಕಿಟಕಿಗಳನ್ನು ಬದಲಾಯಿಸಿದ್ದೀರಾ ಎಂದು ಕೇಳಿತು. ಇಲ್ಲ ಎಂದರು. ಗೋಡೆಗೆ ಏನಾದರೂ ಮಾಡಿಸಿದ್ದೀರಾ? ಅದೂ ಇಲ್ಲ.

“ಪರವಾಗಿಲ್ಲ ಸರ್” ಎಂದಿತು ಆ ದನಿ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಆ ಕನಿಕರವನ್ನು ಮಾತ್ರ ತಡೆಯಲಾಗಲಿಲ್ಲ. ಹನ್ನೆರಡು ಮನೆಗಳ ಸಂಘಕ್ಕೆ ಕಾರ್ಯದರ್ಶಿ ಎನ್ನಿಸಿಕೊಂಡು, ಕೇಳಿದ್ದಕ್ಕೆಲ್ಲ ಇಲ್ಲ ಇಲ್ಲ ಎನ್ನುವುದೆಂದರೇನು? ಮೂರನೆಯ ಪ್ರಶ್ನೆ ಛಾವಣಿಯದು. ಇಲ್ಲ ಎನ್ನಲು ಬಾಯಿ ತೆರೆದರು, ನಾಚಿಕೆ ಅಡ್ಡ ಬಂದು ಹೌದು ಎನ್ನಿಸಿಬಿಟ್ಟಿತು. ಒಂದು ಹೌದು ಹೊರಬಿದ್ದ ಮೇಲೆ ಉಳಿದವು ಸಲೀಸಾಗಿ ಬಂದವು. ಬಿಸಿಲು ತಡೆಯುವ ಬಿಳಿ ಛಾವಣಿ ಇದೆ ಎಂದರು. ಅದರ ಮೇಲೆ ಕೈತೋಟ ಇದೆ ಎಂದರು. ಮೆಟ್ಟಿಲ ದೀಪಗಳು ಬಿಸಿಲಿನಿಂದ ಉರಿಯುತ್ತವೆ, ಜನ ಬಂದರೆ ತಾವೇ ಹತ್ತಿಕೊಳ್ಳುತ್ತವೆ ಎಂದರು. ಇನ್ನೆರಡು ಪ್ರಶ್ನೆ ಬಂದಿದ್ದರೆ ಛಾವಣಿಯ ಮೇಲೊಂದು ಗಾಳಿಯಂತ್ರವನ್ನೂ ನೆಟ್ಟುಬಿಡುತ್ತಿದ್ದರೋ ಏನೋ.

“ತುಂಬಾ ಸಂತೋಷ ಸರ್. ಇವತ್ತು ಸಂಜೆ ಬಂದು ನೋಡ್ತೀನಿ. ನಿಮ್ಮ ಬೀದೀಲಿ ಒಂದು ಕಟ್ಟಡ ಆರಿಸಿ, ಅದರ ಛಾವಣಿನ ಸಂಸ್ಥೆ ಖರ್ಚಲ್ಲೇ ಪೂರ್ತಿ ಹೊಸದಾಗಿ ಮಾಡಿಕೊಡ್ತೀವಿ” ಎಂದು ಹೇಳಿ ಆಕೆ ಫೋನ್ ಇಟ್ಟಳು. ಕಾರ್ಯದರ್ಶಿಗಳ ಕೆನ್ನೆಯ ಮೇಲೆ ನೊರೆ ಒಣಗಿ ಬಿರಿಯತೊಡಗಿತ್ತು.

ನಿಜ ಸಂಗತಿ ಏನೆಂದರೆ, ಆ ಕಟ್ಟಡದ ಛಾವಣಿ ಜರಡಿ. ಮಳೆ ಬಂದರೆ ಮೇಲಂತಸ್ತಿನ ಟೀಚರಮ್ಮನ ಮನೆಯ ಪಾತ್ರೆಯೆಲ್ಲ ನೆಲಕ್ಕಿಳಿಯುತ್ತಿತ್ತು. ಪ್ರತಿ ವರ್ಷ ಸಭೆಯಲ್ಲಿ ಮಾತು ಏಳುತ್ತಿತ್ತು. ಛಾವಣಿ ಮೇಲಿನವರದು, ನಮಗೇನು ಎಂದು ಕೆಳಗಿನವರು ಎದ್ದು ಹೋಗುತ್ತಿದ್ದರು. ಈ ವರ್ಷ ಖಂಡಿತ ಮಾಡಿಸೋಣ ಟೀಚರಮ್ಮ ಎಂದು ಕಾರ್ಯದರ್ಶಿಗಳು ಪ್ರತಿ ವರ್ಷವೂ ಹೇಳುತ್ತಿದ್ದರು. ಇನ್ನೊಂದು ಮಳೆಗಾಲ ನನ್ನ ಕೈಲಾಗದಪ್ಪಾ, ಮನೆ ಮಾರಿ ತಮ್ಮನ ಮನೆಯ ಮೂಲೆ ಸೇರುತ್ತೇನೆ ಎಂದು ಮೊನ್ನೆಯಷ್ಟೇ ಆಕೆ ಹೇಳಿದ್ದರು. ಆಗಿನಿಂದ ಕಾರ್ಯದರ್ಶಿಗಳು ಮೆಟ್ಟಿಲಲ್ಲಿ ಆಕೆಯ ಚಪ್ಪಲಿ ಸದ್ದು ಕೇಳಿದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಸುಳ್ಳಿನ ಸುದ್ದಿಯನ್ನು ಅವರು ಹೆಂಡತಿಗೆ ಮಾತ್ರ ಹೇಳಿದರು. ಅವರ ಹೆಂಡತಿಗೆ ಮಾತ್ರ ಹೇಳುವುದೂ ಬೀದಿಗೆ ಡಂಗುರ ಹೊಡೆಸುವುದೂ ಒಂದೇ. ಚಹಾ ಕುದಿಯುವಷ್ಟರಲ್ಲಿ ಅರ್ಧ ಕಟ್ಟಡ ಅವರ ನಡುಮನೆಯಲ್ಲಿತ್ತು. ಯಾರಾದರೂ ಉಗಿಯುತ್ತಾರೆ ಎಂದು ಅವರು ತಲೆ ತಗ್ಗಿಸಿ ಕೂತಿದ್ದರು. ಯಾರೂ ಉಗಿಯಲಿಲ್ಲ. ಎಲ್ಲರ ಕಿವಿಗೂ ಬಿದ್ದಿದ್ದು ಪುಕ್ಕಟೆ ಛಾವಣಿ ಎಂಬ ಮಾತೊಂದೇ.

“ಬಹುಮಾನ ಅಂದ್ಮೇಲೆ ಚೆನ್ನಾಗಿರೋ ಕಟ್ಟಡಕ್ಕೇ ತಾನೇ ಕೊಡೋದು?” ಎಂದ ಎರಡನೆಯ ಅಂತಸ್ತಿನ ಪರದೆಯಣ್ಣ. ನಾಟಕದ ಕಂಪನಿಗಳಿಗೆ ಅರಮನೆ, ಕಾಡು, ಸಮುದ್ರ ಬರೆದುಕೊಡುವುದು ಅವನ ಕಸುಬು. “ಇನ್‌ಸ್ಪೆಕ್ಷನ್ನು ಅಂದ್ರೆ ಇದ್ದದ್ದೇ ಅಲ್ವಾ. ಒಂದು ಸಂಜೆ ಮಟ್ಟಿಗೆ ಚೆಂದ ಕಾಣ್ಬೇಕು, ಅಷ್ಟೇ. ನನಗೆ ಬಿಡಿ.”

ಎದುರು ಕಟ್ಟಡದವರಿಗೂ ಫೋನ್ ಬಂದಿತ್ತೆಂದು ಯಾರೋ ಹೇಳಿದರು. ಅಲ್ಲಿನ ಕಾರ್ಯದರ್ಶಿಗೆ ಬೀದಿಯವರು ಇಟ್ಟ ಹೆಸರು ಗೊಣಗಣ್ಣ. ನಮ್ಮದು ಇವತ್ತೋ ನಾಳೆಯೋ ಬೀಳುವಂತಿದೆ, ಏನೂ ಮಾಡಿಸಿಲ್ಲ, ಮಾಡಿಸುವ ಯೋಗ್ಯತೆಯೂ ನಮಗಿಲ್ಲ ಎಂದು ಆ ಪುಣ್ಯಾತ್ಮ ಫೋನಿನಲ್ಲೇ ಅತ್ತಿದ್ದನಂತೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಗೆ ಪೈಪೋಟಿ ಇಲ್ಲವೆಂದಾಯಿತು.

ಹತ್ತು ವರ್ಷ ಒಂದು ತೂತು ಮುಚ್ಚಲು ಒಮ್ಮತಕ್ಕೆ ಬಾರದ ಜನ ಅಂದು ಮಧ್ಯಾಹ್ನ ಟೊಂಕ ಕಟ್ಟಿ ನಿಂತರು. ಛಾವಣಿಯ ಬಿರುಕುಗಳಿಗೆ ಪರದೆಯಣ್ಣ ಬಟ್ಟೆ ಅಂಟಿಸಿದ. ಅದರ ಮೇಲೆ ಎಲ್ಲರೂ ಸೇರಿ ಸುಣ್ಣ ಬಳಿದರು. ಬಾಲ್ಕನಿಗಳ ಹೂಕುಂಡಗಳೆಲ್ಲ ಮೇಲೇರಿ ಸಾಲಾಗಿ ಕೂತು ಕೈತೋಟವಾದವು. ಪ್ಲೈವುಡ್ ಹಲಗೆಗಳಿಗೆ ಕಡುನೀಲಿ ಬಣ್ಣ, ಅದರ ಮೇಲೆ ಬೆಳ್ಳಿಯ ಗೆರೆ, ಮೇಲೊಂದು ಕೈ ವಾರ್ನಿಶ್, ಸೌರಫಲಕಗಳು ತಯಾರಾದವು. ಹತ್ತು ಹೆಜ್ಜೆ ದೂರದಿಂದ ನೋಡಿದರೆ ಸ್ವತಃ ಸೂರ್ಯನೇ ಮೋಸ ಹೋಗಬೇಕು. ಮೆಟ್ಟಿಲ ದೀಪದ ಸ್ವಿಚ್ಚು ಕಾರ್ಯದರ್ಶಿಗಳ ಮನೆಯೊಳಗೇ ಇತ್ತು. ನಾನು ಕೆಮ್ಮಿದಾಗ ಹಾಕು ಎಂದು ಹೆಂಡತಿಗೆ ಹೇಳಿ ಅವರು ಕೆಮ್ಮು ಅಭ್ಯಾಸ ಮಾಡಿಕೊಂಡರು.

ಸಂಜೆ ಸಂಶೋಧಕಿ ಬಂದಳು. ಭುಜಕ್ಕೊಂದು ಚೀಲ, ಕೈಯಲ್ಲಿ ದೂರದಿಂದಲೇ ಬಿಸಿ ಅಳೆಯುವ ಸಣ್ಣ ಯಂತ್ರ. ಕಾರ್ಯದರ್ಶಿಗಳು ಕೈಮುಗಿದು ಬರಮಾಡಿಕೊಂಡು ಮೊದಲ ಮೆಟ್ಟಿಲಲ್ಲಿ ಕೆಮ್ಮಿದರು. ದೀಪ ಹತ್ತಿತು. ಆಕೆ ಮೆಚ್ಚಿ ತಲೆದೂಗಿದಳು. ಅರ್ಧ ಹತ್ತುವಷ್ಟರಲ್ಲಿ ಸುಣ್ಣದ ಘಾಟಿಗೆ ಆಕೆಗೇ ಕೆಮ್ಮು ಬಂತು. ಹೆಂಡತಿ ಪಾಪ ಯಾರ ಕೆಮ್ಮೆಂದು ನೋಡದೆ ಸ್ವಿಚ್ಚು ಒತ್ತಿದಳು, ದೀಪ ಆರಿತು. ಕಾರ್ಯದರ್ಶಿಗಳು ಗಾಬರಿಯಾಗಿ ಕೆಮ್ಮಿದರು, ಹತ್ತಿತು. ಸಂಶೋಧಕಿ ಮತ್ತೆ ಕೆಮ್ಮಿದಳು, ಆರಿತು. ಇಬ್ಬರೂ ಕೆಮ್ಮುತ್ತ, ಕಣ್ಣು ಮಿಟುಕಿಸುವ ಆ ದೀಪದಡಿ ಮೇಲೇರಿದರು.

“ಶಬ್ದಕ್ಕೂ ಕೆಲಸ ಮಾಡುತ್ತೆ. ಸ್ವಲ್ಪ ಸೂಕ್ಷ್ಮ ಜಾಸ್ತಿ” ಎಂದರು ಕಾರ್ಯದರ್ಶಿಗಳು. ಅಂಗಿಯ ಬೆನ್ನು ತೊಯ್ದು ಹೋಗಿತ್ತು.

ಮೇಲೆ ಸುಣ್ಣ ಇನ್ನೂ ಹಸಿ. ಹಾಗಾಗಿ ಸಸಿಗಳ ಬುಡ ಸೂಕ್ಷ್ಮ, ಯಾರನ್ನೂ ಒಳಗೆ ಬಿಡುವುದಿಲ್ಲ ಎಂದು ಪರದೆಯಣ್ಣ ಬಾಗಿಲಲ್ಲೇ ತಡೆದ. ಆಕೆ ಹೊಸ್ತಿಲಲ್ಲಿ ನಿಂತು ಫಲಕಗಳ ಚಿತ್ರ ತೆಗೆದುಕೊಂಡಳು. ಯಂತ್ರವನ್ನು ಛಾವಣಿಯತ್ತ ಹಿಡಿದಳು. ಹಸಿ ಸುಣ್ಣ ತಣ್ಣಗಲ್ಲದೆ ಇನ್ನು ಹೇಗಿರುತ್ತದೆ? ಅಂಕಿ ನೋಡಿ ಆಕೆಯ ಹುಬ್ಬು ಮೇಲೇರಿತು. ಇಷ್ಟು ತಂಪಾದ ಛಾವಣಿಯನ್ನು ಈ ಊರಿನಲ್ಲೇ ಅಳೆದಿಲ್ಲ ಎಂದಳು. ಪರದೆಯಣ್ಣ ಹಿಂದಿನಿಂದ ಕಾರ್ಯದರ್ಶಿಗಳ ಪಕ್ಕೆ ತಿವಿದ.

ಕೊನೆಗೆ ಟೀಚರಮ್ಮನ ಮನೆ. ಆಕೆ ಇದ್ದಬದ್ದ ಬೇಸಿನ್ನು ಬಕೆಟ್ಟುಗಳನ್ನೆಲ್ಲ ಮಂಚದ ಕೆಳಗೆ ತಳ್ಳಿ, ಒಳ್ಳೆಯ ಸೀರೆಯುಟ್ಟು, ಗೋಡೆಯ ಮೇಲಿನ ನೀರಿನ ಕಲೆ ಕಾಣದಂತೆ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದರು. ಜೀವಮಾನವೆಲ್ಲ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಕಿವಿ ಹಿಂಡಿದ ಕೈಗಳು ಸೆರಗಿನ ತುದಿಯನ್ನು ಸುತ್ತುತ್ತಿದ್ದವು.

ಮಳೆಗಾಲದಲ್ಲಿ ತೊಂದರೆ ಇದೆಯೇ ಎಂದು ಸಂಶೋಧಕಿ ಕೇಳಿದಳು.

“ಒಂದು ಹನಿನೂ ಸೋರಲ್ಲಮ್ಮ” ಎಂದರು ಟೀಚರಮ್ಮ. “ನಮ್ಮ ಕಾರ್ಯದರ್ಶಿಗಳು ಹೇಳಿದ ಮಾತು ನಡೆಸಿಕೊಡೋರು.”

ಕಾರ್ಯದರ್ಶಿಗಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ತಾನು ಬೊಗಳಿದ ಸುಳ್ಳನ್ನು ಈ ಮುದಿ ಜೀವ ತನ್ನ ನಾಲಿಗೆಯ ಮೇಲೆ ಹೊರುತ್ತಿದೆಯಲ್ಲ ಎಂದು ಅವರ ಕಿವಿಯೆಲ್ಲ ಬಿಸಿಯಾಯಿತು. ಆಕೆಯ ಮುಖ ನೋಡಲಾಗದೆ ನೆಲ ನೋಡಿದರು; ನೆಲದ ಗಾರೆಯ ಮೇಲೆ ಪಾತ್ರೆಗಳ ತಳ ಮೂಡಿಸಿದ ಉಂಗುರಗಳಿದ್ದವು. ಹೋಗಲಿ, ಬಹುಮಾನ ಬಂದರೆ ಆಕೆಯ ಮನೆಯಾದರೂ ಉಳಿಯುತ್ತದೆ ಎಂದು ಹಲ್ಲು ಕಚ್ಚಿ ಸುಮ್ಮನಾದರು.

ಕೆಳಗೆ ಬೀದಿಬಾಗಿಲಲ್ಲಿ ಸಂಶೋಧಕಿ ಅವರ ಕೈ ಕುಲುಕಿದಳು.

“ನಿಜವಾಗ್ಲೂ ಹೆಮ್ಮೆ ಆಯ್ತು ಸರ್. ನಿಮ್ಮ ಕಟ್ಟಡಕ್ಕೆ ನಾವು ಮಾಡಬೇಕಾದ್ದು ಏನೂ ಉಳಿದೇ ಇಲ್ಲ. ಛಾವಣಿ ಕೆಲಸ ಎದುರು ಕಟ್ಟಡಕ್ಕೆ ಕೊಡ್ತಿದ್ದೀವಿ. ಪಾಪ, ಅವರದು ತೀರಾ ಹಾಳಾಗಿದೆ.”

ಕಾರ್ಯದರ್ಶಿಗಳಿಗೆ ಮಾತು ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದದ್ದೇ ತಡ, ಮಾನ ಮರ್ಯಾದೆ ಎಲ್ಲ ಬದಿಗಿಟ್ಟು, ನಡು ಬೀದಿಯಲ್ಲಿ, ಎದುರು ಕಟ್ಟಡದ ಗೊಣಗಣ್ಣನ ಕಣ್ಣೆದುರೇ ಅವರು ಕೈ ಜೋಡಿಸಿದರು.

“ಎಲ್ಲಾ ಸುಳ್ಳಮ್ಮ. ನಾನು ಹೇಳಿದ್ದು ಒಂದೂ ನಿಜ ಅಲ್ಲ. ಆ ಫಲಕ ಪ್ಲೈವುಡ್ಡು. ಬಿಳಿ ಬಣ್ಣ ಮಧ್ಯಾಹ್ನ ಬಳಿದ ಸುಣ್ಣ. ದೀಪ ಹಾಕಿದ್ದು ನನ್ನ ಹೆಂಡ್ತಿ. ಛಾವಣಿ ಸೋರುತ್ತೆ, ಆ ಟೀಚರಮ್ಮ ನಿದ್ದೆ ಮಾಡಿ ಎಷ್ಟು ಮಳೆಗಾಲ ಆಯ್ತೋ. ನಾಚಿಕೆಯಿಂದ ಹೇಳ್ದೆ, ತಪ್ಪಾಯ್ತು.”

ಸಂಶೋಧಕಿಯ ಮುಖದ ನಗು ಮೆಲ್ಲಗೆ ಇಳಿಯಿತು. ಪುಕ್ಕಟೆ ಕೆಲಸ ಬೇರೆಯವರಿಗೆ ಹೋಯಿತೆಂದು ಕೈಯಲ್ಲಿರುವುದನ್ನೇ ಇಲ್ಲ ಎನ್ನುವವರನ್ನು ಈ ಕೆಲಸದಲ್ಲಿ ಬೇಕಾದಷ್ಟು ನೋಡಿದ್ದೇನೆ, ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ ಎಂದಳು. ಯಂತ್ರ ಸುಳ್ಳು ಹೇಳುತ್ತದೆಯೇ ಎಂದು ಕೇಳಿದಳು. ಮೇಲೆ ಬನ್ನಿ, ಮುಟ್ಟಿ ನೋಡಿ ಎಂದು ಇವರು ಅಂಗಲಾಚಿದರು. ನೋಡಿದ್ದಾಯಿತು, ಅಳೆದದ್ದಾಯಿತು ಎಂದು ಆಕೆ ಚೀಲ ಏರಿಸಿಕೊಂಡಳು.

ಆಗ ಮೇಲಿನ ಬಾಲ್ಕನಿಯಲ್ಲಿ ಟೀಚರಮ್ಮನ ತಲೆ ಕಂಡಿತು. ಕಾರ್ಯದರ್ಶಿಗಳಿಗೆ ಹೋದ ಜೀವ ಬಂತು.

“ಟೀಚರಮ್ಮ, ನೀವಾದ್ರೂ ಹೇಳಿ. ಛಾವಣಿ ಸೋರುತ್ತೆ ಅಲ್ವಾ?”

ಮೇಲಿನಿಂದ ನೋಡಿದ ಟೀಚರಮ್ಮನಿಗೆ ಕಂಡದ್ದು ಇಷ್ಟು: ಸಿಕ್ಕಿಬಿದ್ದ ಕಾರ್ಯದರ್ಶಿ ಕೈಮುಗಿದು ನಿಂತಿದ್ದಾರೆ, ಹುಡುಗಿ ಮುಖ ಬಿಗಿದುಕೊಂಡು ವಿಚಾರಣೆ ಮಾಡುತ್ತಿದ್ದಾಳೆ. ಇಂಥ ಹೊತ್ತಿನಲ್ಲಿ ಕೈಬಿಡುವ ಹೆಂಗಸಲ್ಲ ಆಕೆ.

“ಯಾರು ಹೇಳಿದ್ದು ಸೋರುತ್ತೆ ಅಂತ?” ಎಂದು ಇಡೀ ತರಗತಿಗೆ ಕೇಳಿಸುವ ದನಿಯಲ್ಲಿ ಹೇಳಿದರು. “ಅವರು ಸಂಕೋಚದ ಮನುಷ್ಯ, ಹೆದರಿದ್ರೆ ಏನೇನೋ ಒಪ್ಕೊಂಡ್ಬಿಡ್ತಾರೆ. ದೇವರಾಣೆಗೂ ಒಂದು ಹನಿ ಸೋರಲ್ಲ.”

ಸಂಶೋಧಕಿ ಕಾರ್ಯದರ್ಶಿಗಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

“ಅವರನ್ನ ನೋಡಿ ಕಲೀರಿ ಸರ್” ಎಂದು ಹೇಳಿ ರಸ್ತೆ ದಾಟಿದಳು. ಗೊಣಗಣ್ಣ ಜೀವನದಲ್ಲಿ ಮೊದಲ ಬಾರಿಗೆ ಗೊಣಗದೆ ಆಕೆಗೆ ಬಾಗಿಲು ತೆರೆದ.

ಕಾರ್ಯದರ್ಶಿಗಳು ನಿಂತಲ್ಲೇ ನಿಂತಿದ್ದರು. ಬೆನ್ನ ಹಿಂದೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಈ ಸಲ ಒಳಗೆ ಓಡಿ ಬಾಗಿಲು ಹಾಕಿಕೊಳ್ಳಲು ಕಾಲೇ ಬರಲಿಲ್ಲ. ಟೀಚರಮ್ಮ ಏದುಸಿರು ಬಿಡುತ್ತ ಬಂದು ಅವರ ತೋಳು ಹಿಡಿದುಕೊಂಡರು. ಮುಖದಲ್ಲಿ ಪರೀಕ್ಷೆ ಬರೆದು ಬಂದ ಹುಡುಗಿಯ ಕಾತರ.

“ಏನಾಯ್ತಪ್ಪಾ? ಪಾಸಾದ್ವಾ?”

 ಒಂದಕ್ಷರವೂ ಸುಳ್ಳಿಲ್ಲದ ಉತ್ತರವೇ ಕಾರ್ಯದರ್ಶಿಗಳ ಬಾಯಿಗೆ ಬಂತು.

“ಪಾಸಾದ್ವಿ ಟೀಚರಮ್ಮ. ನೂರಕ್ಕೆ ನೂರು.”

ಟೀಚರಮ್ಮ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡರು.

“ಹುಟ್ಟಿದಾಗಿನಿಂದ ಸುಳ್ಳು ಹೇಳಿದವಳಲ್ಲಪ್ಪಾ ನಾನು” ಎಂದರು. “ಹೇಳಿದ್ದಕ್ಕೂ ಸಾರ್ಥಕ ಆಯ್ತು. ಕೆಲಸದವರು ಯಾವತ್ತು ಬರ್ತಾರಂತೆ?”