ನಾಲ್ಕು ಕೈಯ ಡಾಕ್ಟರಬಾಯಿ

ನಮ್ಮ ಚಿಗವ್ವ ಇಳಕಲ್ ಬಿಟ್ಟು ನೋಡಿರುವುದು ಮೂರೇ ಊರು. ಹುನಗುಂದ, ಬಾಗಲಕೋಟೆ, ಬಾದಾಮಿ. ನಾಲ್ಕನೆಯದನ್ನು ಹೇಳಿದರೆ ನೀವು ನಂಬುವುದಿಲ್ಲ, ಆದರೂ ಹೇಳುತ್ತೇನೆ: ಆಕಾಶಗಂಗೆಯ ಆಚೆ ದಂಡೆ! ಬಾದಾಮಿಗೆ ಯಾವ ಬಸ್ಸು ಹಿಡಿಯಬೇಕೆಂದು ಕೇಳಿದರೆ ಈಗಲೂ ತಡವರಿಸುತ್ತಾಳೆ. ಹಸಿರು ಸೂರ್ಯನ ಎಡಕ್ಕೆ ಹೊರಳಿ ಮೂರು ಚಂದ್ರ ದಾಟಿದರೆ ಯಾವ ಗ್ರಹ ಬರುತ್ತದೆ ಎಂಬುದನ್ನು ಮಾತ್ರ ನಿದ್ದೆಗಣ್ಣಿನಲ್ಲೂ ಹೇಳುತ್ತಾಳೆ.

ಚಿಗವ್ವ ಎಂದರೆ ನಮ್ಮ ಅವ್ವನ ತಂಗಿ. ಅರವತ್ತು ದಾಟಿದವಳು. ಕಸುಬು ಸೀರೆ ನೇಯುವುದು, ಹುಚ್ಚು ಆಕಾಶದಲ್ಲಿ ಹಾರುವ ಒಂದು ಹಡಗಿನ ಧಾರಾವಾಹಿ. ಅದಕ್ಕೆ ಇಂಗ್ಲಿಷಿನಲ್ಲಿ ಮಾರುದ್ದದ ಹೆಸರಿದೆಯಂತೆ. ನಮ್ಮ ಮನೆಯಲ್ಲಿ ‘ಹಡಗು’ ಎಂದರೆ ಸಾಕು. ನೀರಿನ ಹಡಗನ್ನು ನಮ್ಮ ಪೈಕಿ ಯಾರೂ ಕಂಡಿಲ್ಲವಾದ್ದರಿಂದ ಗೊಂದಲವೂ ಇಲ್ಲ. ಕೇಬಲ್ ಬಂದ ಹೊಸದರಲ್ಲಿ ಅದು ಹಿಂದಿಯಲ್ಲಿ ಬರುತ್ತಿತ್ತು. ಸೋಲಾಪುರದ ಸೀರೆ ವ್ಯಾಪಾರಿಗಳ ಜೊತೆ ಜಗಳಾಡುತ್ತಲೇ ಹಿಂದಿ ಕಲಿತ ಚಿಗವ್ವನಿಗೆ ಭಾಷೆಯ ತೊಂದರೆ ಆಗಲಿಲ್ಲ. ಒಂದು ಧಾರಾವಾಹಿ ಮುಗಿಯಿತು ಎಂದು ಅತ್ತು ಮುಗಿಸುವಷ್ಟರಲ್ಲಿ ಇನ್ನೊಂದು ಶುರುವಾಗುತ್ತಿತ್ತು. ಹಡಗಿನ ಕ್ಯಾಪ್ಟನ್ನನ ಕೂದಲು ಬೆಳ್ಳಗಾಯಿತು, ಚಿಗವ್ವನದೂ ಆಯಿತು. ಕೇಬಲ್ ಹೋಗಿ ಮೊಬೈಲ್ ಬಂತು. ಹಡಗು ಹಾರುತ್ತಲೇ ಇತ್ತು.

ಅವಳ ಇನ್ನೊಂದು ಗುಣವನ್ನು ಈಗಲೇ ಹೇಳಿಬಿಡಬೇಕು, ಮುಂದೆ ಬೇಕಾಗುತ್ತದೆ. ಚಿಗವ್ವನಿಗೆ ಸುಳ್ಳು ಹೇಳಲು ಬರುವುದಿಲ್ಲ. ವಚನ ಬಾಯಿಪಾಠ ಮಾಡಿ ಬೆಳೆದ ಮನೆತನ ನಮ್ಮದು ನಿಜ, ಆದರೆ ನಾವೆಲ್ಲ ಬಾಯಿಪಾಠಕ್ಕೇ ನಿಲ್ಲಿಸಿದ್ದೇವೆ, ಇವಳು ಆಚರಣೆಗೂ ತಂದಿದ್ದಾಳೆ. ಒಮ್ಮೆ ಗುಡೂರಿನಿಂದ ಮದುವೆಯ ಸೀರೆಗೆ ಬಂದವರು ಒಂದನ್ನು ಮೆಚ್ಚಿ ಮಡಚಿ ಚೀಲಕ್ಕೆ ಹಾಕಿಕೊಂಡಿದ್ದರು. ಇವಳು ಬಾಗಿಲ ತನಕ ಹೋಗಿ, “ಆ ಸೆರಗಿನ್ಯಾಗ ಮೂರು ಎಳಿ ತಪ್ಯಾವ್ರಿ. ನಿಮಗ ಕಾಣಂಗಿಲ್ಲ. ನನಗ ಗೊತ್ತೈತಿ,” ಎಂದಳು. ಸೀರೆ ಚೀಲದಿಂದ ಹೊರಗೆ ಬಂತು. ಚಿಗಪ್ಪ ಹಣೆ ಬಡಿದುಕೊಂಡ.

“ಅವರು ಕೇಳಿದ್ರೇನು?”

“ಕೇಳದಿದ್ರ ಎಳಿ ಕೂಡತಾವೇನು?”

ಇಂಥವಳ ಜೊತೆ ಒಂದೇ ಮನೆಯಲ್ಲಿ ನಲವತ್ತು ವರ್ಷ ಬಾಳಿದವಳು ದೊಡ್ಡವ್ವ. ಚಿಗಪ್ಪನ ಅಣ್ಣನ ಹೆಂಡತಿ, ಅಂದರೆ ಚಿಗವ್ವನ ನೆಗೆಣ್ಣಿ. ಇಬ್ಬರಿಗೂ ಯಾವುದರಲ್ಲೂ ಹೊಂದಿಕೆ ಇರಲಿಲ್ಲ. ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಎಷ್ಟು ಹಾಕಬೇಕು ಎಂಬ ಪ್ರಶ್ನೆ ಮದುವೆಯಾದ ವಾರದಲ್ಲೇ ಎದ್ದು, ಇತ್ಯರ್ಥವಾಗದೆ, ಇಂದಿಗೂ ಆ ಮನೆಯಲ್ಲಿ ಎರಡು ಚಟ್ನಿ ಡಬ್ಬಿಗಳಿವೆ. ಹಡಗಿನ ವಿಷಯದಲ್ಲೂ ದೊಡ್ಡವ್ವನದು ಕಟು ಅಭಿಪ್ರಾಯ: ಹಾಡಹಗಲು ಟಿವಿ ಮುಂದೆ ಕೂಡುವುದು ಮನೆ ಮುರಿಯುವ ಲಕ್ಷಣ.

ಆಮೇಲೆ ಸಕ್ಕರೆ ಕಾಯಿಲೆ ದೊಡ್ಡವ್ವನ ಕಣ್ಣು ತಿಂದಿತು. ಮೊದಲು ಒಂದು, ವರ್ಷದೊಳಗೆ ಇನ್ನೊಂದು. ಗಟ್ಟಿಗಿತ್ತಿ, ಸುಮ್ಮನೆ ಕೂಡಲಿಲ್ಲ. ಮಗ್ಗದ ಪಕ್ಕ ಕುಳಿತು ಲಾಳಿಯೊಳಗೆ ಕೂರಿಸುವ ನೂಲಿನ ಕಂಡಿಕೆಗಳನ್ನು ಕೈಯಳತೆಯಲ್ಲೇ ಸುತ್ತಿಕೊಡತೊಡಗಿದಳು. ಆದರೆ ಮಾತು ನಿಂತುಹೋಯಿತು. ಚಟ್ನಿಯಲ್ಲಿ ಬೆಳ್ಳುಳ್ಳಿ ಕಡಿಮೆಯಾದರೂ ಜಗಳ ತೆಗೆಯಲಿಲ್ಲ. ಆಗ ಚಿಗವ್ವ ಹೆದರಿದಳು. ಒಂದು ಸಂಜೆ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತವಳು, ಯಾರೂ ಕೇಳದಿದ್ದರೂ ಹಡಗಿನ ಕಥೆ ಶುರು ಮಾಡಿದಳು.

ಅಂದಿನಿಂದ ಅದೊಂದು ಪದ್ಧತಿಯಾಯಿತು. ಮಧ್ಯಾಹ್ನ ಊಟವಾದ ಮೇಲೆ ಕಿವಿಗೆ ವಯರು ಸಿಕ್ಕಿಸಿಕೊಂಡು ಚಿಗವ್ವ ನೋಡುವುದು, ಸಂಜೆ ನೇಯುತ್ತ ದೊಡ್ಡವ್ವನಿಗೆ ಹೇಳುವುದು. ಕಾಣದವರಿಗೆ ಆಕಾಶದ ನಿಲ್ದಾಣವನ್ನು ಹೇಗೆ ತೋರಿಸುತ್ತೀರಿ? “ನಮ್ಮ ಬಸ್‌ಸ್ಟ್ಯಾಂಡ್ ಇದ್ದಂಗ ಯಕ್ಕಾ. ಎಲ್ಲಾ ಕಡಿಯಿಂದ ಬರ್ತಾರ, ಶೇಂಗಾ ತಿಂತಾರ, ಹೋಗ್ತಾರ.” ಅಲ್ಲಿ ಶೇಂಗಾ ಎಲ್ಲಿತ್ತು ಎಂದು ನಾನು ತಗಾದೆ ತೆಗೆದೆ. “ಅಷ್ಟೊತ್ತು ಹಾದಿ ಕಾಯೂ ಮಂದಿ ಬಾಯಾಗ ಏನರ ಹಾಕ್ಕೊಳ್ಳೂದಿಲ್ಲೇನು? ಇದು ಸುಳ್ಳಲ್ಲ ತಮ್ಮಾ, ತಿಳಿಯೂಹಂಗ ಹೇಳೂದು.” ಶೇಂಗಾ ಸೇರಿಸಿದರೂ ನಡೆದದ್ದನ್ನು ಮಾತ್ರ ಒಂದೆಳೆಯೂ ಆಚೀಚೆ ಮಾಡುತ್ತಿರಲಿಲ್ಲ. ಹಡಗು ಸೋತಿದ್ದರೆ ಸೋತಿತು ಎಂದೇ ಹೇಳುತ್ತಿದ್ದಳು.

ಆ ಹಡಗಿನಲ್ಲಿ ವಯಸ್ಸಾದ ಒಬ್ಬ ಡಾಕ್ಟರಬಾಯಿ ಇದ್ದಳು. ಯಾವುದೋ ತಣ್ಣನೆಯ ಗ್ರಹದವಳು, ನಾಲ್ಕು ಕೈ, ನೂರಾರು ವರ್ಷ ಆಯುಷ್ಯ. ಚಿಗವ್ವನಿಗೆ ಅವಳ ಮೇಲೆ ಕಸುಬಿನ ಹೊಟ್ಟೆಕಿಚ್ಚು. “ಇಂಥಾಕಿ ನಮ್ಮ ಮಗ್ಗಕ್ಕ ಕುಂತ್ರ ಲಾಳಿ ಹೊಡಕೋತ ಚಾನೂ ಕುಡೀತಿದ್ಲು ನೋಡು.” ದೊಡ್ಡವ್ವನಿಗೋ ಅವಳೇ ಜೀವ. ಆ ಡಾಕ್ಟರಬಾಯಿ ಎರಡು ಕೈಯಿಂದ ಔಷಧಿ ಮಾಡುವಾಗ ಮೂರನೆಯ ಕೈಯಿಂದ ರೋಗಿಯ ಕೈ ಹಿಡಿದುಕೊಳ್ಳುತ್ತಿದ್ದಳಂತೆ, ನಾಲ್ಕನೆಯದನ್ನು ಅವರ ತಲೆಯ ಮೇಲಿಡುತ್ತಿದ್ದಳಂತೆ. ಅದನ್ನು ಮೊದಲ ಸಲ ಕೇಳಿದ ದಿನ ದೊಡ್ಡವ್ವ ಕಂಡಿಕೆ ಸುತ್ತುವುದನ್ನು ನಿಲ್ಲಿಸಿ, “ಕಣ್ಣು ಬರೂದಿಲ್ಲ ಅಂತ ಹೇಳಿದ ದಿನ ನನ್ನ ಕೈ ಯಾರರ ಹಿಡದಿದ್ರ ಛಲೋ ಇತ್ತು,” ಎಂದಳು. ಆಮೇಲೆ ದಿನಾ ಸಂಜೆ ಅವಳ ಮೊದಲ ಪ್ರಶ್ನೆ ಒಂದೇ: “ಇವತ್ತ ಡಾಕ್ಟರಬಾಯಿ ಬಂದಿದ್ಲೇನು?”

ಹೀಗಿರುವಾಗ ಕೆಲವು ವರ್ಷಗಳ ಬಿಡುವಿನ ನಂತರ ಹಡಗಿನ ಹೊಸ ಧಾರಾವಾಹಿ ಬರುತ್ತದೆಂಬ ಸುದ್ದಿ ಬಂತು. ಚಿಗವ್ವ ಮನೆ ಸಾರಿಸಿದಳು. ಹಬ್ಬದ ಸಿಹಿ ಎಂದು ಮಾದಲಿ ಮಾಡಿದಳು. ಮಧ್ಯಾಹ್ನ ಕಿವಿಗೆ ವಯರು ಸಿಕ್ಕಿಸಿಕೊಂಡು ಗೋಡೆಗೆ ಒರಗಿ ಕುಳಿತಳು. ನಾನು ಹುನಗುಂದದಲ್ಲಿ ಸರ್ಕಾರಿ ಗುಮಾಸ್ತ, ರಜೆ ಹಾಕಿ ಬಂದಿದ್ದೆ, ಮಾದಲಿಗಾಗಿ. ಹತ್ತು ನಿಮಿಷ ಆಗಿರಲಿಲ್ಲ, ಚಿಗವ್ವನ ಕೈಯಿಂದ ಮೊಬೈಲ್ ಜಾರಿ ಬಿತ್ತು. ಕ್ಯಾಪ್ಟನ್ ಸತ್ತಿದ್ದ. ಹಡಗು ಸುಟ್ಟು ಬೂದಿಯಾಗಿತ್ತು. ಕಥೆ ಒಮ್ಮೆಲೇ ನೂರು ವರ್ಷ ಮುಂದೆ ಜಿಗಿದು, ಇಪ್ಪತ್ತರ ಹುಡುಗಿಯೊಬ್ಬಳು ಹೊಸ ಹಡಗಿನ ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತಿದ್ದಳು!

ಆ ಸಂಜೆ ಮಗ್ಗ ಶುರುವಾಗಲಿಲ್ಲ. ನೇಕಾರರ ಓಣಿಯಲ್ಲಿ ನೇಯುವ ಹೊತ್ತಿನಲ್ಲಿ ಒಂದು ಮಗ್ಗದ ಸಪ್ಪಳ ನಿಂತರೆ ಜನ ಅದಕ್ಕೆ ಒಂದೇ ಅರ್ಥ ಮಾಡುತ್ತಾರೆ. ಪಕ್ಕದ ಮನೆಯ ಅಜ್ಜಿ ಸೆರಗು ಹೊದ್ದುಕೊಂಡು ಬಂದು ಚಿಗವ್ವನ ಮುಖ ನೋಡಿ ಮೆಲ್ಲಗೆ ಕೂತಳು.

“ಯಾರವಾ ಹೋದವ್ರು?”

“ಕ್ಯಾಪ್ಟನ್.”

“ಮಿಲಿಟ್ರಿಯೊಳಗ ಇದ್ದನೇನು? ನನಗ ಗೊತ್ತೇ ಇರಲಿಲ್ಲ ನೋಡು. ಮಣ್ಣು ಯಾವಾಗ?”

“ಅಲ್ಲೆಲ್ಲಿ ಮಣ್ಣು ಸಿಗಬೇಕಬೇ? ಸುತ್ತಾ ಆಕಾಶ ಐತಿ.”

ದುಃಖದಲ್ಲಿ ಬುದ್ಧಿ ಸ್ಥಿಮಿತ ತಪ್ಪಿದೆ ಎಂದುಕೊಂಡು ಅಜ್ಜಿ ಎದ್ದು ಹೋದಳು. ಅರ್ಧ ಗಂಟೆಯಲ್ಲಿ ನಾಲ್ಕು ಮನೆಗಳಿಂದ ರೊಟ್ಟಿ, ಜುಣಕ ಬಂದವು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ! ಸಾವಿನ ಊಟವನ್ನು ಮಾದಲಿಯ ಜೊತೆ ಉಂಡ ಮನೆ ಇಳಕಲ್ಲಿನಲ್ಲಿ ಅದೊಂದೇ ಇರಬೇಕು. ಊಟದ ನಡುವೆ ದೊಡ್ಡವ್ವ ಕೈಯಲ್ಲಿ ತುತ್ತು ಹಿಡಿದು ಕೇಳಿದಳು: “ಡಾಕ್ಟರಬಾಯಿ?”

ಚಿಗವ್ವ ತಾಟಿನಲ್ಲಿ ರೊಟ್ಟಿ ಮುರಿದಳು, ಮತ್ತೆ ಮುರಿದಳು. “ಅದಾಳ. ಸಣ್ಣ ನಾವಿಯೊಳಗ ಕುಂತು ಪಾರಾದ್ಲು.”

“ಅಕಿ ಇದ್ರ ಸಾಕು,” ಎಂದು ದೊಡ್ಡವ್ವ ತುತ್ತು ಬಾಯಿಗಿಟ್ಟಳು.

ಮರುದಿನದಿಂದ ಚಿಗವ್ವನ ಶೋಕ ಸಿಟ್ಟಾಗಿ ತಿರುಗಿತು. ಜಗತ್ತಿನ ತುಂಬ ಹಡಗಿನ ಅಭಿಮಾನಿಗಳು ಬೈದು ಬರೆದದ್ದನ್ನು ಮೊಬೈಲಿನಲ್ಲಿ ತೋರಿಸಿದೆ. ಹಿಂದಿಯದನ್ನು ತಾನೇ ಓದಿದಳು, ಇಂಗ್ಲಿಷಿನದನ್ನು ನನ್ನಿಂದ ಓದಿಸಿದಳು. “ಎಲ್ಲಾ ನಮ್ಮ ಮಂದಿನೇ ಬಿಡು,” ಎಂದು ತನ್ನದೂ ಒಂದಿರಲಿ ಎಂದು ನನ್ನಿಂದ ಕನ್ನಡದಲ್ಲಿ ಬರೆಸಿದಳು. ಯಾವುದೋ ದೇಶದವರು ಯಾವುದೋ ಲಿಪಿಯಲ್ಲಿ ಉತ್ತರ ಬರೆದು ಕೊನೆಗೆ ಅಳುವ ಮುಖ ಹಾಕಿದ್ದರು. ಚಿಗವ್ವ ಅದನ್ನೇ ದಿಟ್ಟಿಸಿ, “ಪಾಪ, ಅವರ ಮನ್ಯಾಗೂ ಒಲಿ ಹಚ್ಚಿಲ್ಲ ಕಾಣತೈತಿ,” ಎಂದಳು.

ಎಲ್ಲರೂ ನಮ್ಮ ಮಂದಿಯೇ ಆಗಿರಲಿಲ್ಲ ಎನ್ನಿ. ಬೇವೂರಿನ ಒಬ್ಬ ಕಿರಿಯ ಮಾಸ್ತರು ಹೆಂಡತಿಗೆ ಸೀರೆ ಕೊಳ್ಳಲು ಬಂದರು. ಅಂಗಿಯ ಮೇಲೆ ಹೊಸ ಹಡಗಿನ ಚಿತ್ರ. ಚಿಗವ್ವ ತೆಗೆಯುತ್ತಿದ್ದ ಸೀರೆಯನ್ನು ಹಾಗೇ ಒಳಗಿಟ್ಟಳು.

“ಹೊಸಾದು ಛಲೋ ಐತ್ರಿ ಅವ್ವಾರ,” ಎಂದರು ಮಾಸ್ತರು. “ಹಳೀದೇ ಎಷ್ಟಂತ ನೋಡೂದ್ರಿ?”

“ಹೊಸಾದು ಬ್ಯಾಡ ಅಂದವ್ರ್ಯಾರು ಮಾಸ್ತರ?” ಚಿಗವ್ವ ಅವರನ್ನು ಮಗ್ಗದ ಹತ್ತಿರ ಕರೆದೊಯ್ದಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಕಟ್ಟುವ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ಮೇಲೆ ನೇಯುವುದು. ಆ ಜಾಗಕ್ಕೆ ಮಾಸ್ತರ ಬೆರಳು ಇಡಿಸಿ ಹೇಳಿದಳು: “ಸೆರಗಿನ ಬಣ್ಣ ಬ್ಯಾರೇನೇ ಇರಬೇಕ್ರಿ. ಆದ್ರ ಒಡಲಿನ ಒಂದೊಂದು ಎಳೀನೂ ಹಿಡದು ಕೊಂಡಿ ಹಾಕಬೇಕು. ಇವ್ರು ಒಡಲು ಸುಟ್ಟು ಬರೇ ಸೆರಗು ಕೊಟ್ಟಾರ. ಉಡೂದು ಹೆಂಗ?”

ಮಾಸ್ತರು ಬೆರಳು ಹಿಂದಕ್ಕೆ ತೆಗೆದುಕೊಂಡರು. ಸೀರೆ ಸಿಗಲಿಲ್ಲ.

ಇಷ್ಟಾದರೂ ಸಂಜೆಯ ಕಥೆ ನಿಲ್ಲಲಿಲ್ಲ. ವಾರಕ್ಕೊಂದು ಹೊಸ ಕಂತು ಬರುತ್ತಿತ್ತು, ಡಾಕ್ಟರಬಾಯಿ ಸಣ್ಣ ನಾವೆಯಲ್ಲಿ ಗ್ರಹದಿಂದ ಗ್ರಹಕ್ಕೆ ಹೋಗಿ ರೋಗ ವಾಸಿ ಮಾಡುತ್ತಿದ್ದಳು. ನನಗೂ ಕುತೂಹಲ ಹುಟ್ಟಿ ಒಂದು ಭಾನುವಾರ ಹುನಗುಂದದ ಕೋಣೆಯಲ್ಲಿ ಕುಳಿತು ಎಲ್ಲ ಕಂತುಗಳನ್ನೂ ನೋಡಿದೆ. ಸಣ್ಣ ನಾವೆಯೇ ಇರಲಿಲ್ಲ. ಮೊದಲ ಕಂತಿನ ಐದನೆಯ ನಿಮಿಷದಲ್ಲಿ, ಕ್ಯಾಪ್ಟನ್ನನಿಗಿಂತ ಮೊದಲೇ, ಡಾಕ್ಟರಬಾಯಿ ಸತ್ತಿದ್ದಳು. ಗುಡೂರಿನ ಗಿರಾಕಿಗೆ ಮೂರು ಎಳೆ ಬಚ್ಚಿಡಲಾರದ ನಮ್ಮ ಚಿಗವ್ವ ವಾರಗಟ್ಟಲೆ ಸುಳ್ಳು ನೇಯ್ದಿದ್ದಳು! ಹಡಗು ಸುಟ್ಟಿದ್ದಕ್ಕೆ ನನಗೆ ಏನೂ ಅನಿಸಲಿಲ್ಲ. ಇದು ಮಾತ್ರ ಎದೆಗೆ ಬಡಿಯಿತು.

ಇಳಕಲ್ಲಿಗೆ ಹೋಗಿ ಕೇಳಿದ್ದಕ್ಕೆ ಚಿಗವ್ವ ನನ್ನನ್ನು ಹಿತ್ತಲಿಗೆ ಎಳೆದೊಯ್ದಳು. “ಯಕ್ಕನ ಕೈ ಹಿಡಿಯಾಕ ಇರೂದು ಆ ಡಾಕ್ಟರಬಾಯಿ ಒಬ್ಬಾಕಿ. ನಾ ಹೆಂಗ ಕೊಲ್ಲಲಿ?” ಅಷ್ಟೇ ಅಲ್ಲ, ಮುಂದಿನ ವಾರ ಬಾಗಲಕೋಟೆಯಲ್ಲಿ ಚಿಗವ್ವನ ಕಣ್ಣಿನ ಪೊರೆ ತೆಗೆಸುವುದಿತ್ತು. ಅಲ್ಲೇ ಮಗಳ ಮನೆಯಲ್ಲಿ ಕೆಲವು ದಿನ ಇರಬೇಕು. “ಅಲ್ಲಿ ತನಕಾ ಕಥಿ ನೀ ಹೇಳಬೇಕು. ಡಾಕ್ಟರಬಾಯಿಗೆ ಏನೂ ಆಗಬಾರದು, ತಿಳೀತಿಲ್ಲೋ?”

ನಾನು ಸರ್ಕಾರಿ ಗುಮಾಸ್ತ ಎಂದು ಹೇಳಿದೆನಲ್ಲ. ಮೊದಲ ಸಂಜೆ ಕಚೇರಿ ಮುಗಿಸಿ ಇಳಕಲ್ಲಿಗೆ ಬಂದು ಡಾಕ್ಟರಬಾಯಿಯನ್ನು ಹೇಗೋ ಒಂದು ಗ್ರಹಕ್ಕೆ ಇಳಿಸಿದೆ. ಇಳಿದ ಮೇಲೆ ಏನು ಮಾಡಿಸಬೇಕೋ ತಿಳಿಯಲಿಲ್ಲ. ಅಲ್ಲಿಯ ರೋಗಿಗಳಿಂದ ಎರಡು ಪ್ರತಿಯಲ್ಲಿ ಅರ್ಜಿ ಬರೆಸಿಕೊಂಡಳು ಎಂದೆ. ದೊಡ್ಡವ್ವ ಕಂಡಿಕೆ ಸುತ್ತುತ್ತಲೇ ಇದ್ದಳು.

“ಸಾಕು ಬಿಡಪಾ. ಸತ್ತಾಕಿನ್ನ ಎಷ್ಟಂತ ದುಡಸ್ತಿ?”

ನಾನು ಅವಳ ಹತ್ತಿರ ಸರಿದೆ. “ನಿನಗ ಯಾರು ಹೇಳಿದ್ರು ದೊಡ್ಡವ್ವಾ?”

“ಮಗ್ಗ ಹೇಳತು. ನಲವತ್ತು ವರ್ಷ ಆ ಸಪ್ಪಳ ಕೇಳೇನಿ. ಆ ಹೊಸಾ ಹುಡಿಗಿ ಸುದ್ದಿ ಹೇಳುವಾಗ ಲಾಳಿ ನೆಟ್ಟಗ ಹೋಗತೈತಿ. ಡಾಕ್ಟರಬಾಯಿ ಹೆಸರು ಬಂದಕೂಡ್ಲೆ ತಡೀತೈತಿ, ಎಳಿ ಹರೀತೈತಿ. ಅಕಿಗೆ ಸುಳ್ಳು ಹೇಳಿ ರೂಢಿ ಇಲ್ಲಲ್ಲಪಾ.” ಸುತ್ತಿದ ಕಂಡಿಕೆಯನ್ನು ಬುಟ್ಟಿಗೆ ಹಾಕಿ ಇನ್ನೊಂದು ತೆಗೆದುಕೊಂಡಳು. “ಅಕಿಗೆ ಹೇಳಬ್ಯಾಡ. ನನ್ನ ಸಲುವಾಗಿ ಅಷ್ಟು ಒದ್ದಾಡಾಕತ್ತಾಳ.”

ಚಿಗವ್ವ ಕಪ್ಪು ಕನ್ನಡಕ ಹಾಕಿಕೊಂಡು ಬಾಗಲಕೋಟೆಯಿಂದ ಬಂದಳು. ಮಗ್ಗ ಮುಟ್ಟುವಂತಿಲ್ಲ, ಮೊಬೈಲ್ ನೋಡುವಂತಿಲ್ಲ, ಕಣ್ಣಲ್ಲಿ ನೀರು ತರುವಂತಿಲ್ಲ ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಸಂಜೆ ಅಭ್ಯಾಸ ಬಲದಿಂದ ಮಗ್ಗದ ಹತ್ತಿರ ಹೋಗಿ ಏನೂ ತೋಚದೆ ನಿಂತಳು. ದೊಡ್ಡವ್ವ ಪಕ್ಕದ ನೆಲ ತಟ್ಟಿದಳು.

“ಕುಂದರಿಲ್ಲಿ. ನೀ ಇಲ್ಲದಾಗ ಹಡಗಿನ್ಯಾಗ ಭಾಳ ಸುದ್ದಿ ಆಗ್ಯಾವ. ಡಾಕ್ಟರಬಾಯಿ ಒಂದು ಊರಿಗೆ ಹೋಗಿದ್ಲು. ಅಲ್ಲಿ ಬಿಸಲು ಭಾಳ, ಮಂದಿ ಕಣ್ಣು ಮಂಜಾಗಿದ್ವು. ಅಲ್ಲೊಬ್ಬಾಕಿ ಸೀರಿ ನೇಯಾಕಿ ಇದ್ಲು, ಭಾಳ ಅಂಜಿದ್ಲು. ಡಾಕ್ಟರಬಾಯಿ ಎರಡು ಕೈಲೆ ಅಕಿ ಪೊರಿ ತಗದ್ಲು. ಮೂರನೇದರಿಂದ ಕೈ ಹಿಡದಿದ್ಲು.” ಎಂದು ದೊಡ್ಡವ್ವ ಗಾಳಿಯಲ್ಲಿ ತಡಕಿ ನೆಗೆಣ್ಣಿಯ ಕೈ ಹಿಡಿದುಕೊಂಡಳು.

ಚಿಗವ್ವ ಕಪ್ಪು ಕನ್ನಡಕವನ್ನು ನನ್ನತ್ತ ತಿರುಗಿಸಿದಳು. ಈ ಕಥೆ ನಾನು ಹೇಳಿದ್ದಲ್ಲ ಎಂದು ತಲೆಯಾಡಿಸಿದೆ. ದೊಡ್ಡವ್ವನಿಗೆ ಎಲ್ಲ ಗೊತ್ತೆಂದು ಅವಳಿಗೆ ತಿಳಿಯಿತು.

“ನೀ ಬಿಟ್ಟ ಎಳಿಗೇ ಕೊಂಡಿ ಹಾಕೇನಿ,” ಎಂದಳು ದೊಡ್ಡವ್ವ. “ತಪ್ಪಿದ್ರ ಹೇಳು.”

ಯಾರೂ ಕೇಳದಿದ್ದರೂ ಬಾಗಿಲ ತನಕ ಹೋಗಿ ತಪ್ಪು ಹೇಳಿ ಬರುವವಳು ನಮ್ಮ ಚಿಗವ್ವ. ಈಗ ಪಕ್ಕದಲ್ಲೇ ಕುಳಿತು ದೊಡ್ಡವ್ವ ಕೇಳಿದ್ದಾಳೆ. ಡಾಕ್ಟರು ಬೇಡ ಎಂದಿದ್ದ ನೀರು ಕನ್ನಡಕದ ಕೆಳಗಿನಿಂದ ಇಳಿದು ಬಂತು.

“ಒಂದೂ ಎಳಿ ತಪ್ಪಿಲ್ಲ ಯಕ್ಕಾ,” ಎಂದಳು. “ಮುಂದ ಹೇಳು.”