ಹೆಂಡತಿಯ ತವರಿಗೊಂದು ವಿಂಚ್

ಶಾಂತಕುಮಾರಿ: ಇದಕ್ಕ ಬಂಪರ್ ಅಂತಾರೇನ್ರಿ? ಮನಿಗೆ ಹಾಕೂ ತೊಲಿ ಇದ್ದಂಗೈತಿ.

ಪಾಲಾಕ್ಷ: ಗಟ್ಟಿ ಇರ್ಲಿ ಅಂತ ನಾನ ಹೇಳಿ ಮಾಡ್ಸೀನಿ. ಹಳೇ ಲಾರಿ ಚಾಸಿ ಕೊಯ್ದು ಮಾಡಿದ್ದು.

ಶಾಂತಕುಮಾರಿ: ಅದಕ್ಕ ಜೀಪು ಮೂತಿ ಕೆಳಗ ಹಾಕ್ಕೊಂಡು ನಿಂತೈತಿ. ಮೊದಲು ಮಂದಿ ಮುಖ ನೋಡ್ತಿತ್ತು, ಈಗ ನೆಲ ನೋಡಾಕತ್ತೈತಿ.

ಪಾಲಾಕ್ಷ: ಹಿಂದಿನ ಸೀಟಿನ್ಯಾಗ ನೀ ಕುಂತರ ಸಮ ಆಗತೈತಿ ಬಿಡು.

ಶಾಂತಕುಮಾರಿ: ನಾ ಮುಂದ ಕುಂದ್ರಾಕಿ. ತವರಮನಿಗೆ ಹಿಂದ ಕುಂತು ಹೋಗಾಕ ನಾ ಏನು ಗೊಬ್ಬರದ ಚೀಲಾ?

ಹಡಗಲಿಯಿಂದ ಹೊರಬೀಳುವ ರಸ್ತೆಯಲ್ಲಿ ದಸ್ತಗಿರಿಯ ತಗಡಿನ ಶೆಡ್ಡು. ೨೦೦೩ನೇ ಇಸವಿ, ಹಸ್ತದ ಮಳೆ ಹೊಡೆದ ಮರುದಿನದ ಬೆಳಗು. ಪಾಲಾಕ್ಷನಿಗೆ ಹಗರಿಬೊಮ್ಮನಹಳ್ಳಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ಸರ್ಕಾರಿ ಹರಾಜಿನಲ್ಲಿ ಹಿಡಿದ ಹಳೇ ಜೀಪು ಅವನ ಪ್ರಾಣ. ಅದನ್ನು ನಾಲ್ಕು ದಿನ ದಸ್ತಗಿರಿಯ ಕೈಗೆ ಒಪ್ಪಿಸಿ, ಇವತ್ತು ಹೆಂಡತಿಯ ಜೊತೆ ಬಸ್ಸಿನಲ್ಲಿ ಬಂದಿದ್ದಾನೆ. ಇಲ್ಲಿಂದ ನೇರ ಮಾಗಳಕ್ಕೆ ಹೋಗಬೇಕು. ಶಾಂತಕುಮಾರಿಯ ತಮ್ಮ ಹುಲುಗಣ್ಣನ ಗಂಡುಮಗುವಿಗೆ ಹನ್ನೆರಡು ಗಂಟೆಗೆ ತೊಟ್ಟಿಲ ಕಾರ್ಯ. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಇವಳೇ. ಹೀಗಿರುವಾಗ ಗಂಡ ಬಂಪರಿನ ಮೇಲೆ ಕೈಯಾಡಿಸುತ್ತ ನಿಂತರೆ ಯಾವ ಹೆಂಗಸು ಸುಮ್ಮನಿರುತ್ತಾಳೆ ಹೇಳಿ.

ಜೀಪಿನ ಕೆಳಗಿಂದ ಮೊದಲು ಎರಡು ಕಾಲು ಬಂದವು, ಆಮೇಲೆ ಮೆಕ್ಯಾನಿಕ್ ದಸ್ತಗಿರಿ ಬಂದ.

ದಸ್ತಗಿರಿ: ಬರ್ರಿ ಅಕ್ಕಾರ. ಬಂಪರ್ ಹೋಗ್ಲಿ ಬಿಡ್ರಿ, ಅದರ ನಡುಕ ಕುಂತೈತಲ್ಲ, ಆ ವಿಂಚ್ ನೋಡ್ರಿ. ಹೊಸಪೇಟಿ ಗುಜರಿ ಅಂಗಡ್ಯಾಗ ಹುಡುಕಿ ತಂದೀನಿ. ಮಿಲಿಟರಿ ಗಾಡಿಗಿದ್ದ ಮಾಲು.

ಶಾಂತಕುಮಾರಿ: ಏನು ಮಾಡತೈತಿ ಅದು?

ದಸ್ತಗಿರಿ: ಇದರಾಗ ಉಕ್ಕಿನ ಹಗ್ಗ ಸುತ್ತೈತಲ್ರಿ. ಗಾಡಿ ಕೆಸರಾಗ ಸಿಗಬಿತ್ತು ಅನ್ರಿ. ಈ ಹಗ್ಗ ಬಿಚ್ಚಿ ಮುಂದ ಹೋಗಿ ಗಟ್ಟಿ ಇದ್ದದ್ದಕ್ಕ ಕಟ್ಟೂದು. ಗುಂಡಿ ಒತ್ತಿದ್ರ ಮೋಟರ್ ಹಗ್ಗ ಸುತ್ಕೋತೈತಿ, ಗಾಡಿ ತನ್ನ ತಾನ ಎಳಕೊಂಡು ಬರತೈತಿ. ಪಾಲಾಕ್ಷಣ್ಣ, ಯಾವ ಕಡೀಗೆ ಹೊಂಟೀರಿ ಅಂತ ನೀವು ಹೇಳಲೇ ಇಲ್ಲ. ಸಂಡೂರು ಗುಡ್ಡಕ್ಕಾ?

ಪಾಲಾಕ್ಷ: ಹೂಂ, ಹಂಗ ಅತ್ತಾಗ ಇತ್ತಾಗ.

ಶಾಂತಕುಮಾರಿ: ಅತ್ತಾಗೂ ಇಲ್ಲ, ಇತ್ತಾಗೂ ಇಲ್ಲ. ನನ್ನ ತವರಮನಿಗೆ.

ದಸ್ತಗಿರಿ: ಮಾಗಳಕ್ಕಾ? ಅಲ್ಲಿಗೆ ದಿನಾ ಬಸ್ ಹೋಗತಾವಲ್ರಿ ಅಕ್ಕಾರ.

ಕೈ ಒರೆಸುತ್ತಿದ್ದ ಅರಿವೆಯನ್ನು ದಸ್ತಗಿರಿ ಹಾಗೇ ಹಿಡಿದು ನಿಂತ. ನಾಲ್ಕು ದಿನ ಊಟ ಬಿಟ್ಟು ಬೆಸುಗೆ ಹಾಕಿದವನಿಗೆ ಇದೆಲ್ಲ ಬರೀ ತವರಿನ ಪಯಣಕ್ಕೆ ಎಂದು ಕೇಳಿ ಸ್ವಲ್ಪ ನೋವೇ ಆಯಿತು.

ದಸ್ತಗಿರಿ: ರಸ್ತಾ ಅಷ್ಟು ಕೆಟ್ಟು ಹೋಗೈತಾ?

ಶಾಂತಕುಮಾರಿ: ರಸ್ತಾ ಛಲೋ ಐತಿ. ನನ್ನ ತಮ್ಮ ಬಾಗಲ ತನಕ ಗಟ್ಟಿ ಮರಂ ಮಣ್ಣು ಹಾಕಿಸ್ಯಾನ. ಇವರು ಬಾಗಲ ತನಕ ಬರಂಗಿಲ್ಲ. ನೂರು ಅಡಿ ಈಚೀಗೆ ನನ್ನ ಇಳಿಸ್ತಾರ. ಅಲ್ಲೇ ಕರಿ ಎರಿ ಹೊಲಕ್ಕ ಜೀಪು ಇಳಿಸಿ ಹಿಂದಕ್ಕ ಹೊಳ್ಳಸ್ತಾರ. ಅರ್ಧ ಹೊಳ್ಳಿರತೈತಿ, ಗಾಲಿ ಹೂತು ಕುಂದ್ರತೈತಿ.

ಪಾಲಾಕ್ಷ: ಒಮ್ಮೆ ಆಗಿತ್ತು.

ಶಾಂತಕುಮಾರಿ: ನಾಕು ಸಲ. ಹೊಲದಾಗ ಇವರ ಗಾಲಿ ಹೂತ ಜಾಗಕ್ಕ ಊರಾಗ ಒಂದು ಹೆಸರಿಟ್ಟಾರ. ಪಾಲಾಕ್ಷಪ್ಪನ ಕುಣಿ ಅಂತ.

ಪಾಲಾಕ್ಷ: ಯಾರು ಇಟ್ಟಾರ?

ಶಾಂತಕುಮಾರಿ: ಊರು ಇಟ್ಟೈತಿ, ನಾನೇನು ಪಂಚಾಯ್ತಿ ಮೆಂಬರಾ ಬ್ಯಾಡನ್ನಾಕ?

ದಸ್ತಗಿರಿ: ಮತ್ತ ಜೀಪು ಹೊರಗ ಹೆಂಗ ಬರತಿತ್ರಿ?

ಶಾಂತಕುಮಾರಿ: ನನ್ನ ತಮ್ಮ ಎತ್ತು ಹೊಡಕೊಂಡು ಬಂದು ಎಳೀತಾನ. ಇವರು ಸ್ಟೇರಿಂಗ್ ಹಿಡಕೊಂಡು ಆಕಾಶ ನೋಡ್ಕೋತ ಕುಂದರ್ತಾರ. ಇಬ್ಬರಿಗೂ ಮಾತಿಲ್ಲ ನೋಡ್ರಿ. ಅವ ಎತ್ತಿಗೆ ಹೇಳ್ತಾನ, ಮಾವಗ ಕುಡಿಯಾಕ ನೀರು ಬೇಕಾ ಕೇಳು ಅಂತ. ಇವರು ಜೀಪಿಗೆ ಹೇಳ್ತಾರ, ನಮಗ ಯಾರ ನೀರೂ ಬ್ಯಾಡ ಅಂತ.

ಪಾಲಾಕ್ಷ: ಅದಕ್ಕ ವಿಂಚ್ ಹಾಕ್ಸಿದ್ದು. ಇನ್ನ ಎತ್ತೂ ಬ್ಯಾಡ, ನೀರೂ ಬ್ಯಾಡ.

ದಸ್ತಗಿರಿ: ಜಗಳ ಯಾತಕ್ಕಂತ ಕೇಳಬಹುದೇನ್ರಿ?

ಇದನ್ನು ಕೇಳಬಾರದಿತ್ತು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬಾಯಿ ತೆರೆದರು, ಗೆದ್ದವನು ಪಾಲಾಕ್ಷ.

ಪಾಲಾಕ್ಷ: ಐದು ವರ್ಷದ ಹಿಂದ ಅವನ ಹೊಸ ಮನಿ ಗೃಹಪ್ರವೇಶ. ಬಂದ ಬೀಗರಿಗೆ ಆಯಾರ ಮಾಡೂವಾಗ ಟವೆಲ್ಲು ಕಾಯಿ ಮೊದಲು ಯಾರಿಗೆ ಕೊಡಬೇಕು? ನೀನ ಹೇಳು ದಸ್ತಗಿರಿ. ಮನಿ ಅಳಿಯಗ. ನನಗ ಕೊಟ್ಟಿದ್ದು ನಾಕನೇದಾಗಿ. ನನಕಿಂತ ಮೊದಲು ಟ್ರಾನ್ಸ್‌ಫಾರ್ಮರ್ ಕೂಡಿಸಿದ ಲೈನ್‌ಮನ್‌ಗ ಕೊಟ್ಟ.

ಶಾಂತಕುಮಾರಿ: ಮೊದಲು ನಿಮ್ಮ ಹೆಸರ ಕೂಗಿದ್ರು. ಮೂರು ಸಲ ಕೂಗಿದ್ರು. ನೀವು ಹೊರಗ ಇದ ಜೀಪಿನ ಬಾನೆಟ್ ಎತ್ತಿ ತಲಿ ಒಳಗ ಹಾಕ್ಕೊಂಡು ನಿಂತಿದ್ರಿ.

ಪಾಲಾಕ್ಷ: ರೇಡಿಯೇಟರ್ ಸೋರತಿತ್ತು.

ಶಾಂತಕುಮಾರಿ: ರೇಡಿಯೇಟರ್ ಒಂದ ದಿವಸ ಸೋರಿತು. ನಾ ಐದು ವರ್ಷದಿಂದ ಸೋರಾಕತ್ತೀನಿ.

ಈ ಮಾತಿನ ಹಿಂದೆ ನಗು ಬರಲಿಲ್ಲ. ಶಾಂತಕುಮಾರಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಜೀಪಿನ ಕಡೆ ತಿರುಗಿ ನಿಂತಳು. ತಮ್ಮನ ಮನೆಯಲ್ಲಿ ಕೂತಾಗಲೆಲ್ಲ ಅವಳ ಕಣ್ಣು ಕಿಟಕಿಯಿಂದ ಹೊಲದ ಕಡೆಗೇ ಇರುತ್ತದೆ ಎನ್ನುವುದು ಪಾಲಾಕ್ಷನಿಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದೂ ಹೊಲದಲ್ಲಿ ನಿಲ್ಲುವುದಕ್ಕೆ ಒಂದು ಬಗೆಯ ಧೈರ್ಯ ಬೇಕು, ಅದು ಅವನಲ್ಲಿ ಬೇಕಾದಷ್ಟಿತ್ತು.

ಶಾಂತಕುಮಾರಿ: ಇವತ್ತು ಕೂಸಿಗೆ ನಾ ಹೆಸರಿಡಬೇಕು. ಅತ್ತಿ ಬಂದಾಳ, ಮಾವ ಎಲ್ಲಿ ಅಂತ ಹತ್ತು ಮಂದಿ ಕೇಳ್ತಾರ. ಹೊಲದಾಗ ನಿಂತು ವಿಂಚ್ ಸುತ್ತಾಕತ್ತಾನ ಅಂತ ಹೇಳಲೇನು?

ದಸ್ತಗಿರಿ ಮಾತು ಬದಲಿಸಲು ತನ್ನ ಕಸುಬಿಗೆ ಬಂದ. ಒಳ್ಳೆಯ ಮನಸ್ಸಿನಿಂದಲೇ ಬಂದ, ಆದರೆ ಹೊಸ ತಕರಾರು ಅಲ್ಲೇ ಕಾದಿತ್ತು.

ದಸ್ತಗಿರಿ: ಪಾಲಾಕ್ಷಣ್ಣ, ಒಂದು ಕೇಳ್ತೀನಿ. ಆ ಹೊಲದಾಗ ಗಿಡ ಯಾವುವು ಅದಾವ?

ಪಾಲಾಕ್ಷ: ಯಾವ ಗಿಡ?

ದಸ್ತಗಿರಿ: ಹಗ್ಗ ಕಟ್ಟಾಕ. ಬೇವು, ಜಾಲಿ, ಏನಾದ್ರೂ.

ಪಾಲಾಕ್ಷ: ಎರಿ ಹೊಲದಾಗ ಗಿಡ ಎಲ್ಲಿಂದ ಬರತೈತಿ? ಹೊಳಿ ತನಕ ಬರೀ ಜೋಳ.

ದಸ್ತಗಿರಿ: ಮತ್ತ ಹಗ್ಗ ಯಾವುದಕ್ಕ ಕಟ್ತೀರಿ? ಜೋಳದ ದಂಟಿಗಾ?

ಪಾಲಾಕ್ಷ ಒಮ್ಮೆ ವಿಂಚಿನ ಕಡೆ, ಒಮ್ಮೆ ದಸ್ತಗಿರಿಯ ಕಡೆ ನೋಡಿದ. ಹಗ್ಗಕ್ಕೆ ಇನ್ನೊಂದು ತುದಿ ಇರುತ್ತದೆ ಎನ್ನುವುದು ಅವನ ಲೆಕ್ಕದಲ್ಲಿ ಬಂದಿರಲೇ ಇಲ್ಲ.

ಪಾಲಾಕ್ಷ: ಇದನ್ನ ನೀ ನಾಕು ದಿನದ ಹಿಂದ ಕೇಳಬೇಕಾಗಿತ್ತು.

ದಸ್ತಗಿರಿ: ನೀವು ಗುಡ್ಡಕ್ಕ ಹೋಗ್ತೀರಿ ಅಂತ ನಾ ತಿಳಕೊಂಡಿದ್ದೆ. ಹೆಂಡ್ತಿ ತವರಮನಿಗೆ ವಿಂಚ್ ಹಾಕಿಸಿದವರನ್ನ ನಾ ನೋಡಿಲ್ಲ.

ಪಾಲಾಕ್ಷ: ಕಬ್ಬಿಣದ ಗೂಟ ಒಂದು ಕೊಡು. ನೆಲಕ್ಕ ಬಡದು ಅದಕ್ಕ ಕಟ್ತೀನಿ.

ದಸ್ತಗಿರಿ: ಮಳಿ ಹತ್ತಿದ ಎರಿ ಮಣ್ಣಾಗ ಗೂಟ ನಿಂದ್ರಂಗಿಲ್ರಿ. ಜೀಪು ಗೂಟದ ಕಡೀಗೆ ಬರಂಗಿಲ್ಲ, ಗೂಟನ ಜೀಪಿನ ಕಡೀಗೆ ಬರತೈತಿ.

ಶಾಂತಕುಮಾರಿ ಈಗ ನಕ್ಕಳು. ತಡೆಯಲು ನೋಡಿ, ಆಗದೆ, ಬಂಪರಿಗೆ ಆತು ನಿಂತು ನಕ್ಕಳು. ತೊಲೆಯಂಥ ಬಂಪರು ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ದಸ್ತಗಿರಿ: ಈಗ ತಿಳೀತು ನೋಡ್ರಿ. ಮೊನ್ನಿ ಸಂತಿ ದಿವಸ ಮಾಗಳದಿಂದ ಒಬ್ಬರು ಬಂದಿದ್ರು. ದಪ್ಪ ಮೀಸಿ, ಎಡಗಣ್ಣಿನ ಹುಬ್ಬಿನ ಮ್ಯಾಲ ಗಾಯದ ಗುರುತು.

ಶಾಂತಕುಮಾರಿ: ನನ್ನ ತಮ್ಮ. ಎತ್ತು ಕೊಂಬಿಲೆ ಹಾದಿದ್ದು ಅದು.

ದಸ್ತಗಿರಿ: ಈ ಜೀಪು ಯಾರದು ಅಂತ ಕೇಳಲಿಲ್ಲ. ಹಗ್ಗ ಎಷ್ಟು ಉದ್ದ ಐತಿ ಅಂತ ಕೇಳಿದ್ರು. ನೂರು ಅಡಿ ಅಂದೆ. ನಂಬಲಿಲ್ಲ. ಪೂರ್ತಿ ಬಿಚ್ಚಸಿ, ಮೊಳ ಹಾಕಿ ಅಳತಿ ಮಾಡಿ, ಚೀಟ್ಯಾಗ ಬರಕೊಂಡು ಹೋದ್ರು. ಗಿರಾಕಿ ಇರಬೇಕು ಅಂತ ಚಾ ಕುಡಿಸಿದೆ.

ಪಾಲಾಕ್ಷ: ಶಾಂತಿ, ಅವಗ ಹೇಳಿದ್ದು ನೀನಾ?

ಶಾಂತಕುಮಾರಿ: ನಾ ಯಾಕ ಹೇಳ್ಲಿ? ಬೀಜ ಒಯ್ಯಾಕ ಬಂದ ಮಾಗಳದ ಮಂದಿಗೆಲ್ಲ ನೀವ ಹೇಳಿ ಕಳಿಸೀರಿ. ಹುಲುಗಣ್ಣಗ ಹೇಳ್ರಿ, ಇನ್ನ ಅವನ ಎತ್ತು ನಮಗ ಬೇಕಾಗಿಲ್ಲ, ದಸ್ತಗಿರಿ ಹಂತ್ಯಾಕ ಮಷೀನು ಹಾಕ್ಸಾಕತ್ತೀನಿ ಅಂತ. ಒಂದೊಂದು ಚೀಲಕ್ಕ ಒಂದೊಂದು ಸಲ ಹೇಳೀರಿ.

ಪಾಲಾಕ್ಷ: ಅವಗ ಹಗ್ಗದ ಅಳತಿ ಯಾತಕ್ಕ?

ದಸ್ತಗಿರಿ: ಅದ ಹೇಳಾಕತ್ತೀನಿ. ನಿನ್ನಿ ಮತ್ತ ಬಂದ್ರು. ಕಲ್ಲುಕಂಬಕ್ಕ ಹಾಕಾಕ ಒಂದು ಗಟ್ಟಿ ಕಬ್ಬಿಣದ ಬಳಿ ಮಾಡಿಕೊಡು ಅಂದ್ರು. ಕಂಬ ಯಾತಕ್ರಿ ಅಂದ್ರ, ನಮ್ಮ ಮಾವ ಮಷೀನು ತರಾಕತ್ಯಾನ, ಅದಕ್ಕ ಕಟ್ಟಾಕ ಹೊಲದಾಗ ಒಂದೂ ಗಿಡ ಇಲ್ಲ, ಪಾಪ ಕಷ್ಟ ಆದೀತು, ಅದಕ್ಕ ಕಂಬ ನೆಟ್ಟೀನಿ ಅಂದ್ರು. ಆ ಮಾವ ನೀವ ಅಂತ ನನಗೇನು ಗೊತ್ತು?

ಪಾಲಾಕ್ಷನಿಗೇ ಹೊಳೆಯದ್ದು ಹುಲುಗಣ್ಣನಿಗೆ ಹೊಳೆದಿತ್ತು. ಹೊಳೆದದ್ದಕ್ಕೆ ನಗಲಿಲ್ಲ, ಗುಂಡಿ ತೋಡಿ ಕಂಬ ನೆಟ್ಟಿದ್ದ. ಇಂಥವನ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಬಹಳ ಕಷ್ಟದ ಕೆಲಸ.

ಪಾಲಾಕ್ಷ: ಎಲ್ಲಿ ನೆಟ್ಟಾನ?

ದಸ್ತಗಿರಿ: ನಿಮ್ಮ ಕುಣಿಯಿಂದ ತೊಂಬತ್ತೈದು ಅಡೀಗೆ ಅಂದ್ರು.

ಶಾಂತಕುಮಾರಿ: ಯಾವ ದಿಕ್ಕಿಗೆ?

ದಸ್ತಗಿರಿ: ತಲಬಾಗಲ ಮುಂದ, ಬಲಗಡೆ ಕಟ್ಟಿ ಹಂತ್ಯಾಕ.

ಕೊನೆಗೆ ಪಾಲಾಕ್ಷನಿಗೆ ಪೂರ್ತಿ ಅರ್ಥವಾಯಿತು. ಹಗ್ಗ ಕಟ್ಟಿ ಗುಂಡಿ ಒತ್ತಿದರೆ ಜೀಪು ಕೆಸರಿನಿಂದ ಎದ್ದು, ಹೊಲ ದಾಟಿ, ಹುಲುಗಣ್ಣನ ಹೊಸ್ತಿಲಿಗೆ ಹೋಗಿ ನಿಲ್ಲುತ್ತದೆ. ಅದೂ ತನ್ನ ಖರ್ಚಿನಲ್ಲಿ.

ಪಾಲಾಕ್ಷ: ದಸ್ತಗಿರಿ, ಹಗ್ಗ ಐವತ್ತು ಅಡೀಗೆ ಕತ್ತರಿಸು.

ಶಾಂತಕುಮಾರಿ: ಕತ್ತರಿಸ್ರಿ ಅಣ್ಣಾರ. ಮೊದಲು ಎತ್ತು ಎಳೀತಾವ, ಕಡೀ ಐವತ್ತು ಅಡಿ ವಿಂಚು ಎಳೀಲಿ. ಬಾಗಲು ತಪ್ಪಂಗಿಲ್ಲ.

ದಸ್ತಗಿರಿ: ಉಕ್ಕಿನ ಹಗ್ಗ ಕತ್ತರಿಸಾಕ ನನ್ನ ಮನಸ್ಸು ಒಪ್ಪಂಗಿಲ್ರಿ.

ಪಾಲಾಕ್ಷ ಜೀಪಿನ ಸುತ್ತ ಒಂದು ಸುತ್ತು ಬಂದ. ಬಂಪರಿಗೆ ಮೆಲ್ಲಗೆ ಒದ್ದು ನೋಡಿದ, ಕಾಲಿಗೇ ನೋವಾಯಿತು. ಗಡಿಯಾರ ನೋಡಿದ, ಹತ್ತೂವರೆ. ಹೆಂಡತಿಯ ಮುಖವನ್ನೂ ನೋಡಿದ. ಅವಳು ಬರೀ ಕಾಯುತ್ತಿದ್ದಳು. ಐದು ವರ್ಷ ಕಾದವಳು ಹಾಗೇ ಇನ್ನೂ ಕಾಯುತ್ತ ನಿಂತಿದ್ದು ಕಂಡು ಅವನಿಗೆ ನಾಚಿಕೆಯಾಯಿತು.

ಪಾಲಾಕ್ಷ: ಬಾಗಲ ತನಕ ಮರಂ ಹಾಕಿಸ್ಯಾನ ಅಂದ್ಯಲ್ಲ, ಜೀಪಿನ ಭಾರ ತಡೀತೈತಾ?

ಶಾಂತಕುಮಾರಿ: ಟ್ರ್ಯಾಕ್ಟರ್ ಹೋಗತಾವ.

ಪಾಲಾಕ್ಷ: ಸರಿ, ಜೀಪು ಹತ್ತು. ಆದ್ರ ಒಂದು ಮಾತು, ನಾನಾಗೇ ಹೋದೆ ಅಂತ ಯಾರೂ ಅನ್ನಬಾರ್ದು. ಬಾಗಲ ಮುಂದ ನಿಂತ ಕೂಡಲೇ ಹಗ್ಗ ಬಿಚ್ಚಿ ಕಂಬಕ್ಕ ಕಟ್ತೀನಿ. ಯಾರು ಕೇಳಿದ್ರೂ ವಿಂಚ್ ಎಳಕೊಂಡು ಬಂತು ಅನ್ನೂದು.

ಶಾಂತಕುಮಾರಿ: ಕಂಬದ ಆಣಿ, ಹಂಗ ಹೇಳ್ತೀನಿ.

ಅವಳು ಮುಂದಿನ ಸೀಟಿಗೆ ಹತ್ತಿ ಸೀರೆ ಸರಿಮಾಡಿಕೊಂಡಳು. ಜೀಪು ಎರಡು ಸಲ ಕೆಮ್ಮಿ ಚಾಲೂ ಆಯಿತು. ದಸ್ತಗಿರಿ ಓಡಿ ಬಂದು ಬಾನೆಟ್ ಮೇಲೆ ಕೈಯಿಟ್ಟ.

ದಸ್ತಗಿರಿ: ಪಾಲಾಕ್ಷಣ್ಣ, ಆಮ್ಯಾಲ ನನ್ನ ಬೈಬ್ಯಾಡ್ರಿ, ಈಗ ಹೇಳಿಬಿಡ್ತೀನಿ. ಈ ವಿಂಚ್ ಮುಂದಕ್ಕ ಅಷ್ಟ ಎಳೀತೈತಿ. ಆ ಬಾಗಲದಿಂದ ನಿಮ್ಮನ್ನ ಹಿಂದಕ್ಕ ಎಳಿಯಾಕ ಇದರ ಕೈಲಿ ಆಗಂಗಿಲ್ಲ.

ಶಾಂತಕುಮಾರಿ: ಹಂಗಾದ್ರ ಮಾಲು ಛಲೋ ಐತಿ ಬಿಡ್ರಿ ಅಣ್ಣಾರ. ನಡೀರಿ, ಕೂಸು ಕಾಯಾಕತ್ತೈತಿ.